ಸ್ಟ್ಯಾಂಡ್‌ಬೈ ಪೈಲಟ್‌ನ ಊರಿಗೆ

ಸೆಪ್ಟೆಂಬರ್ ಮೊದಲ ವಾರದಲ್ಲಿ ಮಡಿಕೇರಿಗೆ ಹೊರಟಿದ್ದೇನೆ ಎಂದರೆ ಯಾರೂ ಭೇಷ್ ಅನ್ನುವುದಿಲ್ಲ. ಮಳೆ ಪೂರ್ತಿ ಬಿಟ್ಟಿರುವುದಿಲ್ಲ. ರಾಜಾಸೀಟಿನಲ್ಲಿ ನಿಂತರೆ ಮಂಜು ಬಿಟ್ಟು ಬೇರೇನೂ ಕಾಣುವುದಿಲ್ಲ. ಕಾಲಿಗೆ ಜಿಗಣೆ ಬೇರೆ. ಆದರೆ ನನಗೆ ಬೇಕಾಗಿದ್ದದ್ದೇ ಆ ವಾರ. ಸೆಪ್ಟೆಂಬರ್ 7ಕ್ಕೆ ಮಡಿಕೇರಿಯಲ್ಲಿರಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು. ನಮ್ಮ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೋಗಿ ವಾಪಸು ಬಾರದೇ ಇದ್ದ ದಿನ ಅದು.

ಮೈಸೂರಿನಿಂದ ಬೆಳಗಿನ ಬಸ್ಸು ಹತ್ತಿದೆ. ಹುಣಸೂರು, ಪಿರಿಯಾಪಟ್ಟಣ ದಾಟುವವರೆಗೂ ಬಿಸಿಲೇ. ಬೈಲಕುಪ್ಪೆಯಲ್ಲಿ ಕೆಂಪು ನಿಲುವಂಗಿಯ ಇಬ್ಬರು ಸನ್ಯಾಸಿಗಳು ಹತ್ತಿ ಕುಶಾಲನಗರದಲ್ಲಿ ಇಳಿದರು. ಅಲ್ಲಿ ಕಾವೇರಿ ದಾಟಿದ ಮೇಲೆ ಗಾಳಿಯೇ ಬದಲಾಯಿತು. ಸುಂಟಿಕೊಪ್ಪ ಬರುವಷ್ಟರಲ್ಲಿ ಕಿಟಕಿಗಳೆಲ್ಲ ಒಂದೊಂದಾಗಿ ಮುಚ್ಚಿಕೊಂಡವು. ಮಡಿಕೇರಿಯಲ್ಲಿ ಇಳಿದಾಗ ಮಳೆ ಜೋರಾಗೇನೂ ಇರಲಿಲ್ಲ. ಸುಮ್ನೆ ಪಿರಿಪಿರಿ ಅಂತ ಹಿಡಿದುಕೊಂಡಿತ್ತು.

ಹಳೆ ಖಾಸಗಿ ಬಸ್ ನಿಲ್ದಾಣದ ಹತ್ತಿರದ ವೃತ್ತಕ್ಕೆ ದೇವಯ್ಯ ಅವರ ಹೆಸರಿಟ್ಟಿದ್ದಾರೆ. ಪ್ರತಿಮೆಯೂ ಅಲ್ಲೇ ಇದೆ. ನಾನು ಹೋದಾಗ ಸುತ್ತ ಆಟೋಗಳು, ಜೀಪುಗಳು, ಕೊಡೆ ಹಿಡಿದು ಶಾಲೆಗೆ ಓಡುವ ಮಕ್ಕಳು. ಆಟೋ ಚಾಲಕರೊಬ್ಬರನ್ನು ದೇವಯ್ಯನವರ ಬಗ್ಗೆ ಕೇಳಿದೆ. "ಗೊತ್ತಿಲ್ಲದೇ ಏನು? ಪಾಕಿಸ್ತಾನದ ಪ್ಲೇನ್ ಹೊಡೆದವರು. ಮೊದಲು ನಮಗೂ ಜಾಸ್ತಿ ಗೊತ್ತಿರಲಿಲ್ಲ, ಈಗ ಎಲ್ಲರೂ ಬಂದು ಕೇಳ್ತಾರೆ," ಅಂದರು. ಆ ಮಾತು ಸುಳ್ಳಲ್ಲ. 23 ವರ್ಷ ಈ ದೇಶಕ್ಕೇ ಸರಿಯಾಗಿ ಗೊತ್ತಿರಲಿಲ್ಲ.

ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು, ಕೊಡಗಿನಲ್ಲಿ. ತಂದೆ ಡಾಕ್ಟರು. 1954ರಲ್ಲಿ ವಾಯುಪಡೆ ಸೇರಿದರು. ಗೆಳೆಯರ ಬಳಗದಲ್ಲಿ ಅವರ ಹೆಸರು 'ಟಬ್ಬಿ'. 1965ರ ಯುದ್ಧ ಹತ್ತಿರ ಬಂದಾಗ ಅವರು ಹುಡುಗರಿಗೆ ವಿಮಾನ ಹಾರಿಸುವುದನ್ನು ಕಲಿಸುವ ಮೇಷ್ಟ್ರಾಗಿದ್ದರು. ಅಲ್ಲಿಂದ ಅವರನ್ನು ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ಕಳಿಸಿದರು. 'ಟೈಗರ್ಸ್' ಅಂತ ಹೆಸರಾದ ಸ್ಕ್ವಾಡ್ರನ್ ಅದು.

ಅವರು ಹಾರಿಸಿದ್ದು ಫ್ರಾನ್ಸ್‌ನ ಮಿಸ್ಟೇರ್ ವಿಮಾನ. ಹಿಂದೊಮ್ಮೆ ದೆಹಲಿಗೆ ಹೋದಾಗ ಪಾಲಂನ ವಾಯುಪಡೆ ಮ್ಯೂಸಿಯಂನಲ್ಲಿ ಅಂಥದೊಂದನ್ನು ನೋಡಿದ್ದೆ. ಮೂತಿಯೆಲ್ಲ ಬಾಯಿ. ಗಾಳಿ ಒಳಗೆ ನುಗ್ಗುವ ದೊಡ್ಡ ತೂತು, ಅದರ ಕೆಳಗೆ 30 ಎಂಎಂ ಫಿರಂಗಿ ಎರಡು. ಉದ್ದ 13 ಮೀಟರ್‌ಗೂ ಕಡಿಮೆ. ಶಾಲೆಯಿಂದ ಪ್ರವಾಸ ಬಂದಿದ್ದ ಮಕ್ಕಳು ಅದರ ಕಡೆ ತಿರುಗಿಯೂ ನೋಡದೆ ಮಿಗ್ ವಿಮಾನದ ಮುಂದೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರನ್ನು ದೂರಿ ಪ್ರಯೋಜನವಿಲ್ಲ. 1965ಕ್ಕೇ ಮಿಸ್ಟೇರ್ ಹಳೆ ಮಾಲು. ಶಬ್ದದ ವೇಗವನ್ನು ನೇರ ಹಾರಾಟದಲ್ಲಿ ಅದು ದಾಟುತ್ತಿರಲಿಲ್ಲ. ಎದುರಾಳಿಗಳ ಕೈಯಲ್ಲಿದ್ದ ಅಮೆರಿಕದ ಎಫ್-104 ಸ್ಟಾರ್‌ಫೈಟರ್ ಶಬ್ದದ ಎರಡರಷ್ಟು ವೇಗದಲ್ಲಿ ಓಡುವಂಥದ್ದು. ಜತೆಗೆ ಶಾಖ ಹುಡುಕಿ ಹೋಗುವ ಸೈಡ್‌ವೈಂಡರ್ ಕ್ಷಿಪಣಿ, ಆರು ನಳಿಗೆಯ ತಿರುಗುವ ಗನ್ನು.

ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿದವು. ನಿಂತಿದ್ದ ನಮ್ಮ ವಿಮಾನಗಳು ನಿಂತಲ್ಲೇ ಸುಟ್ಟವು. ಮರುದಿನ ನಸುಕಿಗೇ ಸರ್ಗೋಧಾಕ್ಕೆ ಉತ್ತರ ಕೊಡಬೇಕು ಅಂತ ತೀರ್ಮಾನವಾಯಿತು. ಸರ್ಗೋಧಾ ಪಾಕಿಸ್ತಾನ ವಾಯುಪಡೆಯ ಗುಂಡಿಗೆ. ಆದಂಪುರದಿಂದ ನೇರ ಗೆರೆ ಎಳೆದರೂ ಸುಮಾರು 300 ಕಿ.ಮೀ. ವಿಂಗ್ ಕಮಾಂಡರ್ ಓ.ಪಿ. ತನೇಜಾ ಮುಂದಾಳು. 12 ಮಿಸ್ಟೇರ್‌ಗಳು ಹೋಗುವುದು ಅಂತಾಯಿತು. ಆ ಪಟ್ಟಿಯಲ್ಲಿ ದೇವಯ್ಯ ಇರಲಿಲ್ಲ. ಅವರು ಸ್ಟ್ಯಾಂಡ್‌ಬೈ. ಹನ್ನೆರಡರಲ್ಲಿ ಯಾವುದಾದರೂ ಕೈಕೊಟ್ಟರೆ ಮಾತ್ರ ಅವರ ಪಾಳಿ. ಎಲ್ಲ ಸರಿಯಾಗಿ ನಡೆದಿದ್ದರೆ ಅವತ್ತು ಅವರು ಆದಂಪುರದಲ್ಲೇ ಉಳಿಯುತ್ತಿದ್ದರು. ಒಂದು ವಿಮಾನ ಕೈಕೊಟ್ಟಿತು. ದೇವಯ್ಯ ಆ ಜಾಗಕ್ಕೆ ಸೇರಿಕೊಂಡರು.

ಇಷ್ಟು ನನಗೆ ಮೊದಲೇ ಗೊತ್ತಿತ್ತು. ಆಮೇಲೆ ಆಕಾಶದಲ್ಲಿ ನಡೆದದ್ದನ್ನು ಬಿಡಿಸಿ ಹೇಳಿದವರು ನಾನು ಉಳಿದುಕೊಂಡ ಹೋಮ್‌ಸ್ಟೇಯ ಯಜಮಾನರು. ವಾಯುಪಡೆಯಲ್ಲಿ ಎಂಜಿನ್ ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾದವರು. ಕೈಲ್‌ಪೊಳ್ದ್ ಮುಗಿದು ಇನ್ನೂ ವಾರವಾಗಿರಲಿಲ್ಲ. ನಾಟಿ ಕೆಲಸ ಮುಗಿದ ಮೇಲೆ ಕೊಡವರು ಆಯುಧಗಳನ್ನು ಪೂಜಿಸುವ ಹಬ್ಬ ಅದು. ಅವರ ಮನೆಯ ನಡುಮನೆಯಲ್ಲಿ ಒರೆಸಿಟ್ಟ ಕೋವಿ ಹಾಗೇ ಗೋಡೆಗೆ ಒರಗಿತ್ತು. ನಳಿಗೆಯ ತುದಿಗೆ ಸಿಕ್ಕಿಸಿದ್ದ ತೋಕ್ ಪೂ ಬಾಡಿ, ಕೆಂಪು-ಹಳದಿಯ ಎಸಳುಗಳು ಮುದುಡಿ, ಬರೀ ತೊಟ್ಟು ಗಟ್ಟಿಯಾಗಿ ಹಿಡಿದುಕೊಂಡಿತ್ತು. ತೆಗೆಯಲು ಯಾರಿಗೂ ಪುರುಸೊತ್ತಾಗಿಲ್ಲ ಅಂತ ಅವರ ಮನೆಯವರು ನಕ್ಕರು. ಕಡಂಬುಟ್ಟು, ಪಂದಿಕರಿ ಬಡಿಸಿದರು. ಊಟ ಮಾಡುತ್ತಲೇ ಮಾತು.

ಯಜಮಾನರು ಎರಡೂ ಕೈ ಎತ್ತಿದರು. ವಾಯುಪಡೆಯವರು ಯುದ್ಧದ ಕಥೆ ಹೇಳುವುದೇ ಕೈಯಲ್ಲಿ. ಎಡಗೈ ಮಿಸ್ಟೇರ್, ಬಲಗೈ ಸ್ಟಾರ್‌ಫೈಟರ್.

"ದಾಳಿ ಮುಗಿಸಿ ಎಲ್ಲರೂ ನೆಲ ತಾಗೋ ಹಾಗೆ ಕೆಳಗೆ ಹಾರ್ತಾ ವಾಪಸ್ ಬರ್ತಿದ್ದಾರೆ. ದೇವಯ್ಯ ಕೊನೇಲಿ. ರೇಡಿಯೋದಲ್ಲಿ ಯಾರೂ ಮಾತಾಡೋ ಹಾಗಿಲ್ಲ. ಹಿಂದಿನಿಂದ ಇವನು ಬಂದ," ಅಂತ ಬಲಗೈಯನ್ನು ಎಡಗೈಯ ಬೆನ್ನಿಗೆ ತಂದರು. ಆ 'ಇವನು' ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಮೊದಲು ಬಿಟ್ಟ ಕ್ಷಿಪಣಿ ತಾಗಲಿಲ್ಲ. ಆಮೇಲೆ ಗನ್ನಿನಿಂದ ಹೊಡೆದ. ಅದು ತಾಗಿತು. ಕೆಲಸ ಮುಗಿಯಿತು ಅಂದುಕೊಂಡು ಅಮ್ಜದ್ ವಿಮಾನವನ್ನು ಮೇಲಕ್ಕೆತ್ತಿದ.

ಮಿಸ್ಟೇರ್ ಬಿದ್ದಿರಲಿಲ್ಲ. ಏಟು ತಿಂದ ವಿಮಾನವನ್ನೇ ತಿರುಗಿಸಿಕೊಂಡು ದೇವಯ್ಯ ಅವನ ಮೇಲೆ ಹೋದರು.

ಇಲ್ಲಿ ಯಜಮಾನರು ಊಟ ನಿಲ್ಲಿಸಿದರು. ಸ್ಟಾರ್‌ಫೈಟರ್‌ಗೆ ರೆಕ್ಕೆ ಅಂದರೆ ಲೆಕ್ಕಕ್ಕೆ ಮಾತ್ರ, ಎರಡೂ ಸೇರಿ ತುದಿಯಿಂದ ತುದಿಗೆ 7 ಮೀಟರ್ ಕೂಡ ಇಲ್ಲ ಅಂದರು. ನೇರವಾಗಿ ಬಾಣ ಬಿಟ್ಟ ಹಾಗೆ ಹೋಗುವುದಕ್ಕೆ ಮಾಡಿದ ವಿಮಾನ. ತಿರುಗಬೇಕಾದರೆ ರೆಕ್ಕೆ ಬೇಕು. ಮಿಸ್ಟೇರ್‌ಗೆ ರೆಕ್ಕೆ ಇತ್ತು. ಅಮ್ಜದ್ ತನ್ನ ವೇಗ ಬಳಸಿ ದೂರ ಹೋಗಿ ಮತ್ತೆ ಬರಬಹುದಿತ್ತು. ಹಾಗೆ ಮಾಡದೆ ವೇಗ ಇಳಿಸಿ ಸುತ್ತು ಹೊಡೆಯುವ ಕಾಳಗಕ್ಕಿಳಿದ. ಅಲ್ಲಿಗೆ ಎರಡು ವಿಮಾನದ ನಡುವಿನ ದೊಡ್ಡ ಅಂತರ ಚಿಕ್ಕದಾಯಿತು. ಕೆಳಮಟ್ಟದ ಆ ಸುತ್ತಾಟದಲ್ಲಿ ದೇವಯ್ಯನವರ ಫಿರಂಗಿ ಸ್ಟಾರ್‌ಫೈಟರ್‌ಗೆ ತಾಗಿತು. ಹಿಡಿತ ತಪ್ಪಿದ ವಿಮಾನದಿಂದ ಅಮ್ಜದ್ ಹೊರಗೆ ಚಿಮ್ಮಿ ಪ್ಯಾರಾಚೂಟ್‌ನಲ್ಲಿ ಇಳಿದ. ದೇವಯ್ಯನವರ ಮಿಸ್ಟೇರ್ ಕೂಡ ಅಲ್ಲೇ ಆಸುಪಾಸಿನಲ್ಲಿ ಬಿತ್ತು. ಅವರು ಉಳಿಯಲಿಲ್ಲ. ವಯಸ್ಸು 32.

"ಇಂಧನದ ಲೆಕ್ಕ ಗೊತ್ತಾ ನಿಮಗೆ?" ಅಂತ ಕೇಳಿದರು. ಆದಂಪುರದಿಂದ ಸರ್ಗೋಧಾ ಅಂದರೆ ಕೆಳಮಟ್ಟದಲ್ಲಿ ಹಾರುವ ಮಿಸ್ಟೇರ್‌ಗೆ ಹೋಗಿ ಬರುವುದೇ ಕಷ್ಟ. ನಡುವೆ ಕಾಳಗ ಮಾಡಲು ಮಿಗುವುದು ಏನೇನೂ ಇಲ್ಲ. "ತಿರುಗಿದಾಗಲೇ ಅವರಿಗೆ ಗೊತ್ತಿರುತ್ತೆ, ಇನ್ನು ಆದಂಪುರ ಇಲ್ಲ ಅಂತ." ಅವರ ಈ ಮಾತು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಏಟು ಬಿದ್ದ ವಿಮಾನದಲ್ಲಿ, ಹಿಂದೆ ದುಪ್ಪಟ್ಟು ವೇಗದವನು ಇರುವಾಗ, ಓಡಿ ಹೋಗುವ ದಾರಿಯೂ ಮುಚ್ಚಿಹೋಗಿತ್ತಲ್ವಾ? ಆದರೆ ಅಮ್ಜದ್ ಬಿಟ್ಟು ಮೇಲೆ ಹೋದ ಆ ಗಳಿಗೆಯಲ್ಲಿ ತಪ್ಪಿಸಿಕೊಳ್ಳಲು ಒಂದು ಸಣ್ಣ ಅವಕಾಶವಂತೂ ಇತ್ತು. ದೇವಯ್ಯ ಅದನ್ನು ಅದಕ್ಕೆ ಬಳಸಲಿಲ್ಲ. ಅವರು ಕಾದಾಡುತ್ತಾ ಉಳಿದಿದ್ದರಿಂದ ಆ ಸ್ಟಾರ್‌ಫೈಟರ್ ಮುಂದೆ ಹೋಗುತ್ತಿದ್ದ ಗೆಳೆಯರ ಬೆನ್ನು ಹತ್ತಲಿಲ್ಲ. ಇಷ್ಟನ್ನು ಮಾತ್ರ ಖಚಿತವಾಗಿ ಹೇಳಬಹುದು.

ನಮ್ಮ ಕಡೆಯವರು ಯಾರೂ ಇದನ್ನು ನೋಡಲಿಲ್ಲ. ಆದಂಪುರದಲ್ಲಿ ಉಳಿದವರು ಇಳಿದರು, ದೇವಯ್ಯ ಇಳಿಯಲಿಲ್ಲ. ಕಾಗದದಲ್ಲಿ 'ಕಾಣೆಯಾಗಿದ್ದಾರೆ' ಅಂತ ಬರೆದರು. ಮನೆಯಲ್ಲಿ ಹೆಂಡತಿ, ಇಬ್ಬರು ಪುಟ್ಟ ಹೆಣ್ಣುಮಕ್ಕಳು. ಗುಂಡು ತಾಗಿತೋ, ಎಂಜಿನ್ ಕೆಟ್ಟಿತೋ ಅನ್ನುವುದೂ ತಿಳಿಯದೆ ವರ್ಷಗಳು ಹೋದವು.

ಸತ್ಯ ಬಂದದ್ದು ಆಚೆ ಕಡೆಯಿಂದ. ಪಾಕಿಸ್ತಾನದ ವಾಯುಪಡೆ 1965ರ ಯುದ್ಧದ ಬಗ್ಗೆ ಬ್ರಿಟಿಷ್ ಬರಹಗಾರರೊಬ್ಬರಿಂದ ಬರೆಸಿದ ಪುಸ್ತಕ 1979ರಲ್ಲಿ ಹೊರಬಂತು. ತಮ್ಮ ಒಂದು ಸ್ಟಾರ್‌ಫೈಟರ್ ಅವತ್ತು ಮಿಸ್ಟೇರ್ ಒಂದರ ಜತೆ ಕಾದಾಡಿ ಬಿತ್ತು ಅನ್ನುವ ವಿವರ ಅದರಲ್ಲಿತ್ತು. ಮಿಸ್ಟೇರ್‌ನ ಪೈಲಟ್ ಯಾರು ಅಂತ ಇರಲಿಲ್ಲ. ಆದರೆ ನಸುಕಿನ ಆ ತಂಡದಿಂದ ಮರಳದವರು ಒಬ್ಬರೇ. ನಿವೃತ್ತರಾಗಿದ್ದ ತನೇಜಾ ಇದನ್ನು ಹಿಡಿದುಕೊಂಡು ವಾಯುಪಡೆಗೆ ಬರೆದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಸ್ವೀಕರಿಸಿದರು. ಹೊಡೆಸಿಕೊಂಡವರು ಬಾಯಿ ಬಿಡದಿದ್ದರೆ ಹೊಡೆದವರ ಹೆಸರು ನಮಗೆ ಸಿಗುತ್ತಲೇ ಇರಲಿಲ್ಲ. ನನಗೆ ಪದಕಕ್ಕಿಂತ ಜಾಸ್ತಿ ಕಾಡುವುದು ಇದು. ಪಿಂಡಿ ಭಟ್ಟಿಯಾನ್ ಹತ್ತಿರದ ಹಳ್ಳಿಯವರು ಅವರ ದೇಹವನ್ನು ಅಲ್ಲೇ ಹೊಲದಲ್ಲಿ ಮಣ್ಣು ಮಾಡಿದ್ದರು ಅನ್ನುವುದನ್ನೂ ಬರೆದು ತಿಳಿಸಿದವರು ಪಾಕಿಸ್ತಾನದ ವಾಯುಪಡೆಯ ನಿವೃತ್ತ ಅಧಿಕಾರಿಯೇ.

ಮರುದಿನ ಸನ್ನಿಸೈಡ್‌ಗೆ ಹೋದೆ. ಜನರಲ್ ತಿಮ್ಮಯ್ಯನವರ ಮನೆ. ಎಷ್ಟೋ ವರ್ಷ ಆರ್‌ಟಿಓ ಕಚೇರಿಯಾಗಿತ್ತು. ಅಂಥ ಮನೆಯಲ್ಲಿ ಲೈಸೆನ್ಸ್‌ಗೆ ಕ್ಯೂ ನಿಲ್ಲಿಸಿದ್ದರಲ್ಲ ಅಂತ ಈಗ ನಗು ಬರುತ್ತದೆ. 2021ರಿಂದ ಮ್ಯೂಸಿಯಂ. ಅಂಗಳದಲ್ಲಿ ಟಿ-55 ಟ್ಯಾಂಕು ಮಳೆಗೆ ನೆನೆಯುತ್ತಿತ್ತು. ಒಳಗೆ ಹಳೆಯ ಮನೆಯ ಮರದ ವಾಸನೆ, ಗಾಜಿನ ಹಿಂದೆ ಬಂದೂಕುಗಳು. ಅವರು ಕೆಲಸ ಮಾಡಿದ ಕೊರಿಯಾ, ಸೈಪ್ರಸ್ ಎಲ್ಲ ಇದೆ. ತಿಮ್ಮಯ್ಯ ಸೈಪ್ರಸ್‌ನಲ್ಲಿ ತೀರಿಕೊಂಡದ್ದೂ 1965ರಲ್ಲೇ, ಡಿಸೆಂಬರ್‌ನಲ್ಲಿ. ಚೆನ್ನಾಗಿ ಇಟ್ಟಿದ್ದಾರೆ, ಎರಡು ಗಂಟೆ ಇಟ್ಟುಕೊಂಡು ಹೋಗಿ.

ಆ ವರ್ಷ ಕೊಡಗಿಗೆ ಇನ್ನೊಂದು ಸುದ್ದಿಯೂ ಬಂದಿತ್ತು. ಯುದ್ಧ ನಿಲ್ಲುವುದಕ್ಕೆ ಮುನ್ನಾದಿನ, ಸೆಪ್ಟೆಂಬರ್ 22ರಂದು, ಫ್ಲೈಟ್ ಲೆಫ್ಟಿನೆಂಟ್ ಕೆ.ಸಿ. ಕಾರ್ಯಪ್ಪ ಅವರ ಹಂಟರ್ ವಿಮಾನಕ್ಕೆ ನೆಲದಿಂದ ಗುಂಡು ಬಿತ್ತು. ಅವರು ಪಾಕಿಸ್ತಾನದಲ್ಲಿ ಸೆರೆಯಾದರು. ಅವರ ತಂದೆ ಮಡಿಕೇರಿಯ ರೋಷನಾರಾ ಮನೆಯ ಕೆ.ಎಂ. ಕಾರ್ಯಪ್ಪ. ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಅವರಿಗೆ ಹಳೆಯ ಪರಿಚಯ. ಮಗನನ್ನು ಬಿಡುತ್ತೇವೆ ಅಂತ ಹೇಳಿಕಳಿಸಿದರೆ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಅವನೊಬ್ಬನಿಗೆ ಬೇರೆ ಉಪಚಾರ ಬೇಡ ಅಂದರಂತೆ. ಕೊಡಗಿನಲ್ಲಿ ಈ ಕಥೆ ಗೊತ್ತಿಲ್ಲದ ಮನೆಯಿಲ್ಲ. ಮಗ ಬಂದರು, ಮುಂದೆ ಏರ್ ಮಾರ್ಷಲ್ ಆದರು. ಒಂದೇ ತಿಂಗಳು, ಒಂದೇ ಜಿಲ್ಲೆ. ಒಬ್ಬರ ಸುದ್ದಿ ಆಗಿಂದಾಗಲೇ ದೇಶಕ್ಕೆಲ್ಲ ಮುಟ್ಟಿತು. ಇನ್ನೊಬ್ಬರದು ಮುಟ್ಟಲು ಎರಡು ದಶಕ ಹಿಡಿಯಿತು.

ಹೊರಡುವ ಬೆಳಿಗ್ಗೆ ಕಾಫಿ ಕುಡಿಯುತ್ತಾ ಯಜಮಾನರನ್ನು ಅಮ್ಜದ್ ಬಗ್ಗೆ ಕೇಳಿದೆ. ಅವರಿಗೆ ಅದೂ ಗೊತ್ತಿತ್ತು. 1971ರ ಡಿಸೆಂಬರ್‌ನಲ್ಲಿ ಅದೇ ಅಮ್ಜದ್, ಆಗ ಸ್ಕ್ವಾಡ್ರನ್ ಲೀಡರ್, ಮತ್ತೆ ಎಫ್-104 ಹತ್ತಿಕೊಂಡು ಅಮೃತಸರದ ರೇಡಾರ್ ಹೊಡೆಯಲು ಬಂದ. ನಮ್ಮ ವಿಮಾನ ನಿರೋಧಕ ಗನ್ನಿಗೆ ಸಿಕ್ಕ. ಈ ಸಲವೂ ಹಾರಿ ಬದುಕಿಕೊಂಡ, ಆದರೆ ಇಳಿದದ್ದು ಭಾರತದ ನೆಲದ ಮೇಲೆ. ಯುದ್ಧಕೈದಿಯಾಗಿದ್ದು ಆಮೇಲೆ ಊರಿಗೆ ಹೋದ.

"ಅವನನ್ನು ನೋಡಿದ್ದರೆ ಏನು ಕೇಳ್ತಿದ್ರಿ?" ಅಂದೆ.

"ಕೇಳೋದೇನಿದೆ? ಆ ಮಿಸ್ಟೇರ್ ಎಷ್ಟು ಡಿಗ್ರಿ ತಿರುಗಿತು, ಎಷ್ಟು ಹತ್ತಿರದಿಂದ ಹೊಡೆದರು, ಅಷ್ಟೇ," ಅಂದರು. ಆಮೇಲೆ ವಾಚು ನೋಡಿ, ಮೈಸೂರು ಬಸ್ಸಿಗೆ ಕಾಲು ಗಂಟೆಯಷ್ಟೇ ಇದೆ, ಮಳೆಯಲ್ಲಿ ಆಟೋ ಸಿಗುವುದು ಕಷ್ಟ, ಬ್ಯಾಗ್ ತನ್ನಿ ಅಂತ ಜೀಪಿನ ಕೀ ಹುಡುಕಲು ಎದ್ದರು.