ಯಾರಿಗೆ ಒಪ್ಪಿಸಿ ಹೋಗುವುದು?

ಹತ್ತೊಂಬತ್ತು ವರ್ಷದ ಹಿಂದೆ ವೃದ್ಧರಿಗಾಗಿ ಯಹೂದಿಗಳು ನಡೆಸುವ ನ್ಯೂಜೆರ್ಸಿಯ ಈ ನರ್ಸಿಂಗ್ ಹೋಮಿಗೆ ಸಂದರ್ಶನಕ್ಕೆ ಬಂದಾಗ ನನಗೆ ಮೊದಲು ತೋರಿಸಿದ್ದು ಅಡುಗೆಮನೆ. ಎರಡು ಸಿಂಕು, ಎರಡು ಒಲೆ, ಪಾತ್ರೆ ತೊಳೆಯುವ ಎರಡು ಮಿಶನ್ನು. ಕೆಂಪು ಪಟ್ಟಿಯ ಪಾತ್ರೆಗಳು ಮಾಂಸದ ಕಡೆಯವು, ನೀಲಿ ಪಟ್ಟಿಯವು ಹಾಲಿನ ಕಡೆಯವು. ಒಂದರ ಸೌಟು ಇನ್ನೊಂದರ ಕಡೆ ಸುಳಿಯುವಂತಿಲ್ಲ. ಯಹೂದಿಗಳ ಆಹಾರದ ಕಟ್ಟಳೆಯಾದ ಕೋಶರ್ ನಿಯಮ ನೋಡಿಕೊಳ್ಳುವ ಮಶ್ಗೀಯಹ್ ಬಹಳ ತಾಳ್ಮೆಯಿಂದ ವಿವರಿಸಿ, "ಹೊಸಬರಿಗೆ ಕಷ್ಟ, ಆರು ತಿಂಗಳಲ್ಲಿ ರೂಢಿಯಾಗುತ್ತದೆ" ಅಂದರು. ನನಗೆ ಆರು ನಿಮಿಷವೂ ಬೇಕಾಗಲಿಲ್ಲ. ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ಅನ್ನ ಮುಟ್ಟಿದ ಕೈಯಲ್ಲಿ ಮೊಸರಿನ ಗಡಿಗೆ ಮುಟ್ಟಿದರೆ ಅಜ್ಜಿ "ಮುಸುರೆ ಮಾಡಿದ್ಯಲ್ಲೇ!" ಎಂದು ಕೂಗುತ್ತಿದ್ದಳು. ಹಾಲಿಗೂ ಮಾಂಸಕ್ಕೂ ಸೇರದ ಅನ್ನ, ಹಣ್ಣು, ತರಕಾರಿ, ಮೊಟ್ಟೆಗೆ ಇಲ್ಲಿ ಪಾರ್ವೆ ಅನ್ನುತ್ತಾರೆ. ನನ್ನಂಥ ಪುಳಿಚಾರಿನವಳಿಗೆ ಮಧ್ಯಾಹ್ನದ ಊಟ ಅಲ್ಲೇ ಸಿಕ್ಕಿಬಿಟ್ಟಿತು.

ಬಂದಿದ್ದು ಲೆಕ್ಕಪತ್ರದ ಕೆಲಸಕ್ಕೆ. ಆಮೇಲೆ ಪರೀಕ್ಷೆ ಬರೆದು ಅಡ್ಮಿನಿಸ್ಟ್ರೇಟರ್ ಲೈಸೆನ್ಸ್ ತೆಗೆದುಕೊಂಡೆ. ಈ ದೇಶದಲ್ಲಿ ಆ ಲೈಸೆನ್ಸ್ ಇಲ್ಲದೆ ನರ್ಸಿಂಗ್ ಹೋಮ್ ನಡೆಸುವಂತಿಲ್ಲ. ಹನ್ನೊಂದು ವರ್ಷದಿಂದ ಇದರ ಜವಾಬ್ದಾರಿ ನನ್ನದು. ಊರಿಗೆ ಹೋದಾಗ ಮದುವೆಮನೆಯಲ್ಲಿ ಚಿಕ್ಕಮ್ಮ ನನ್ನನ್ನು ಯಾರಿಗಾದರೂ ಪರಿಚಯಿಸುವಾಗ "ಅಮೆರಿಕದಲ್ಲಿ ಆಸ್ಪತ್ರೆ ನೋಡ್ಕೋತಾಳೆ" ಅನ್ನುತ್ತಾಳೆ. ವೃದ್ಧಾಶ್ರಮ ಅನ್ನುವ ಶಬ್ದ ಅವಳ ಬಾಯಿಂದ ಬರುವುದಿಲ್ಲ. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಮ್ಮಲ್ಲಿ ಆ ಶಬ್ದ ಕೇಳಿದ ಕೂಡಲೇ "ಅಯ್ಯೋ, ಮಕ್ಕಳಿದ್ದೂ..." ಎಂಬ ಮಾತು ತಾನಾಗಿ ಬರುತ್ತದೆ. ಈ ಕೆಲಸಕ್ಕೆ ಸೇರುವ ತನಕ ನನ್ನ ಬಾಯಲ್ಲೂ ಬರುತ್ತಿತ್ತು.

ಅದನ್ನು ಬದಲಿಸಿದ್ದು ನಮ್ಮ ರಬ್ಬಿ, ಅಂದರೆ ಯಹೂದಿ ಧರ್ಮಗುರು, ತೋರಿಸಿದ ಒಂದು ಪುಟ. ತಂದೆತಾಯಿಯನ್ನು ಗೌರವಿಸು ಎನ್ನುವುದು ಯಹೂದಿಗಳ ಹತ್ತು ಆಜ್ಞೆಗಳಲ್ಲಿ ಒಂದು. ಗೌರವ ಅಂದರೇನು ಅಂತ ಅವರ ಧರ್ಮಗ್ರಂಥ ತಾಲ್ಮೂದ್ ಲೆಕ್ಕ ಹಾಕಿ ಹೇಳುತ್ತದೆ: ಉಣಿಸುವುದು, ಕುಡಿಸುವುದು, ಬಟ್ಟೆ ತೊಡಿಸುವುದು, ಹೊದಿಸುವುದು, ಹೊರಗೆ ಕರೆದೊಯ್ಯುವುದು, ಒಳಗೆ ಕರೆತರುವುದು. ಪ್ರೀತಿಸು ಎಂದು ಆ ಪಟ್ಟಿಯಲ್ಲಿಲ್ಲ. ಎಲ್ಲವೂ ಕೈಕಾಲಿನ ಕೆಲಸ. ಆರೈಕೆಯ ಸಹಾಯಕರಾದ ನಮ್ಮ ಏಡ್‌ಗಳು ಎಂಟು ಗಂಟೆಯ ಶಿಫ್ಟಿನಲ್ಲಿ ಮಾಡುವ ಕೆಲಸದ ಚಾರ್ಟು ತೆಗೆದು ನೋಡಿದರೆ ಹೆಚ್ಚುಕಡಿಮೆ ಇದೇ ಇರುತ್ತದೆ.

ಆದರೆ ರಬ್ಬಿ ನನಗೆ ತೋರಿಸಬೇಕೆಂದಿದ್ದ ಪುಟ ಅದಲ್ಲ. ಮೈಮನಿಡೀಸ್ ಎಂದು ಹೊರಗಿನವರು ಕರೆಯುವ ರಾಂಬಾಮ್, ಈಜಿಪ್ಟಿನಲ್ಲಿ ವೈದ್ಯನೂ ಆಗಿದ್ದವನು, 1204ರಲ್ಲಿ ತೀರಿಕೊಂಡವನು. ಅವನ ಧರ್ಮಸಂಹಿತೆಯಲ್ಲಿ ಒಂದು ಮಾತಿದೆ. ತಂದೆಯದೋ ತಾಯಿಯದೋ ಬುದ್ಧಿ ಸ್ಥಿಮಿತ ತಪ್ಪಿದರೆ ಮಗ ಅವರ ಮನಸ್ಸಿನ ಸ್ಥಿತಿಗೆ ತಕ್ಕಂತೆ ನಡೆದುಕೊಳ್ಳಲು ಪ್ರಯತ್ನಿಸಬೇಕು. ಸಾಧ್ಯವೇ ಇಲ್ಲ ಎನ್ನುವಷ್ಟು ಹೆಚ್ಚಾದರೆ ಅವರನ್ನು ಬಿಟ್ಟು ಹೋಗಬಹುದು, ತಕ್ಕ ರೀತಿಯಲ್ಲಿ ನೋಡಿಕೊಳ್ಳುವಂತೆ ಬೇರೆಯವರಿಗೆ ಒಪ್ಪಿಸಿ ಹೋಗಬೇಕು. ಅದೇ ಮಾತಿನ ಪಕ್ಕದಲ್ಲಿ ಅದೇ ಕಾಲದ ಇನ್ನೊಬ್ಬ ಪಂಡಿತ, ಫ್ರಾನ್ಸಿನ ದಕ್ಷಿಣದ ರಾಆವಾದ್, ಇದು ಸರಿಯಲ್ಲ ಎಂದು ತಕರಾರು ಬರೆದಿದ್ದಾನೆ: ಮಗನೇ ಬಿಟ್ಟು ಹೋದರೆ, ಕಾಯಲು ಯಾರಿಗೆ ಹೇಳಿ ಹೋಗುವುದು?

ಎಂಟು ನೂರು ವರ್ಷದಿಂದ ಆ ಎರಡೂ ಮಾತು ಉಳಿದು ಬಂದಿವೆ, ಇವತ್ತಿಗೂ ಅಕ್ಕಪಕ್ಕ ಅಚ್ಚಾಗುತ್ತಿವೆ. ಯಾರೂ ಒಂದನ್ನು ಅಳಿಸಿಲ್ಲ. ಅದನ್ನು ಓದಿದ ದಿನ ನನ್ನ ಕೆಲಸ ಏನು ಅಂತ ನನಗೆ ಗೊತ್ತಾಯಿತು. "ಯಾರಿಗೆ?" ಎಂದು ರಾಆವಾದ್ ಕೇಳಿದಾಗ "ನನಗೆ ಒಪ್ಪಿಸಿ" ಎಂದು ಹೇಳುವ ಯೋಗ್ಯತೆ ನಮ್ಮ ಕಟ್ಟಡಕ್ಕೆ ಇರಬೇಕು. ಉಳಿದದ್ದೆಲ್ಲ ಅದರ ಬೆನ್ನಿಗೆ ಬರುವ ವಿಚಾರ.

ಆ ಯೋಗ್ಯತೆ ನಮಗೆ ಇಲ್ಲದೇ ಹೋದ ಒಂದು ಬೆಳಗನ್ನು ಹೇಳುತ್ತೇನೆ. ನಾನು ಅಡ್ಮಿನಿಸ್ಟ್ರೇಟರ್ ಆದ ಮೊದಲ ವರ್ಷ. ಹಗಲು ಶಿಫ್ಟಿಗೆ ಜನ ಸಾಲುತ್ತಿರಲಿಲ್ಲ. ಅದಕ್ಕೆ ಮೂರನೇ ಮಹಡಿಯ ಕೆಲವರ ಸ್ನಾನವನ್ನು ಬೆಳಗಿನ ಜಾವ ಐದೂವರೆಗೆ, ರಾತ್ರಿ ಶಿಫ್ಟಿನವರಿಗೆ ಹಚ್ಚಿದೆ. ಆ ಪಟ್ಟಿಗೆ ಸಹಿ ಹಾಕಿದವಳು ನಾನೇ. ಹಂಗೇರಿಯಿಂದ ಬಂದ ಒಬ್ಬ ಅಜ್ಜಿ ಆ ಪಟ್ಟಿಯಲ್ಲಿದ್ದರು. 1944ರ ಮೇ ತಿಂಗಳಿಂದ ಜುಲೈವರೆಗೆ, ಎಂಟು ವಾರದೊಳಗೆ, ಹಂಗೇರಿಯಿಂದ ನಾಲ್ಕು ಲಕ್ಷಕ್ಕೂ ಹೆಚ್ಚು ಯಹೂದಿಗಳನ್ನು ರೈಲಿಗೆ ತುಂಬಿ ಸಾಗಿಸಿದರು. ಹೆಚ್ಚಿನವರು ಹೋಗಿ ಇಳಿದದ್ದು, ಸ್ನಾನವೆಂದು ಹೇಳಿ ವಿಷಾನಿಲದ ಕೋಣೆಗೆ ತಳ್ಳುತ್ತಿದ್ದ ನಾಜಿ ಶಿಬಿರ ಆಶ್ವಿಟ್ಸ್‌ನಲ್ಲಿ. ಈ ಅಜ್ಜಿಗೆ ಆಗ ಹದಿನಾರು ವರ್ಷ. ಐವತ್ತು ವರ್ಷ ಇಂಗ್ಲಿಷಿನಲ್ಲಿ ಅಂಗಡಿ ನಡೆಸಿದವರು, ಮರೆವಿನ ಕಾಯಿಲೆ ಹತ್ತಿದ ಮೇಲೆ ಹಂಗೇರಿಯನ್‌ಗೆ ಮರಳಿದ್ದರು. ಕತ್ತಲೆ ಕಳೆಯುವ ಮುಂಚೆ ಯೂನಿಫಾರಂ ಹಾಕಿದ ಇಬ್ಬರು ಬಂದು ಎಬ್ಬಿಸಿ, ಬಟ್ಟೆ ಬಿಚ್ಚಿ, ಬಿಳಿ ಟೈಲ್ಸಿನ ಕೋಣೆಗೆ ಕರೆದೊಯ್ದು ಮೇಲಿನಿಂದ ನೀರು ಬಿಟ್ಟರು. ಅಜ್ಜಿಯ ಕಿರುಚಾಟ ನೆಲಮಹಡಿಯ ತನಕ ಕೇಳಿಸಿತಂತೆ.

ನಾನು ಏಳು ಗಂಟೆಗೆ ಬಂದಾಗ ಅವರು ಮಂಚದ ಮೂಲೆಯಲ್ಲಿ ಮುದುಡಿ ಕೂತಿದ್ದರು. ಕೂದಲಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಹೈಟಿ ದೇಶದ ನಮ್ಮ ಹಿರಿಯ ಏಡ್ ಒಬ್ಬರು ಒಣ ಟವೆಲ್ಲು ಹಿಡಿದು, ಹತ್ತಿರ ಹೋಗದೆ, ನೆಲದ ಮೇಲೆ ಕೂತಿದ್ದರು. ನಾನೂ ಕೂತೆ. ಮಗಳಿಗೆ ಫೋನ್ ಮಾಡಿ ತಪ್ಪು ನನ್ನದು ಅಂತ ಹೇಳಿದೆ. ಆಕೆ ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ "ನಿಮ್ಮನ್ನು ನಂಬಿ ಬಿಟ್ಟಿದ್ದೆ" ಎಂದರು. ಅಷ್ಟೇ.

ಅಂದಿನಿಂದ ಆ ಅಜ್ಜಿಗೆ ಶವರ್ ಇಲ್ಲ. ಹಗಲು ಹತ್ತು ಗಂಟೆಗೆ, ಕಿಟಕಿಯ ಪರದೆ ಸರಿಸಿ, ಅವರದ್ದೇ ಕೋಣೆಯಲ್ಲಿ ಬಿಸಿನೀರಲ್ಲಿ ಹಿಂಡಿದ ಬಟ್ಟೆಯಿಂದ ಒಂದೊಂದೇ ಕೈ, ಒಂದೊಂದೇ ಕಾಲು ಒರೆಸುವುದು. ಮೈ ಒರೆಸದ ಭಾಗದ ಮೇಲೆ ಹೊದಿಕೆ ಇರಲೇಬೇಕು. ತಾಲ್ಮೂದಿನ ಪಟ್ಟಿಯಲ್ಲಿ ಹೊದಿಸುವುದು ಅಂತ ಬೇರೆಯಾಗಿ ಯಾಕೆ ಬರೆದಿದ್ದಾರೆ ಅಂತ ನನಗೆ ಅರ್ಥವಾದದ್ದು ಆಗ. ಇನ್ನೊಂದು ವಿಷಯ ಆಮೇಲೆ ಗೊತ್ತಾಯಿತು. ಅವರು ಊಟದ ಬ್ರೆಡ್ಡಿನ ತುಂಡನ್ನು ದಿಂಬಿನ ಕವರಿನೊಳಗೆ ಬಚ್ಚಿಡುತ್ತಿದ್ದರು. ನಿಯಮದ ಪ್ರಕಾರ ಅದನ್ನು ತೆಗೆದು ಬಿಸಾಕಬೇಕು, ಇರುವೆ ಬರುತ್ತದೆ, ಇನ್‌ಸ್ಪೆಕ್ಷನ್ನಿಗೆ ಹೇಳದೆ ಕೇಳದೆ ಬರುವ ರಾಜ್ಯದ ಅಧಿಕಾರಿಗಳು ಬರೆದುಕೊಳ್ಳುತ್ತಾರೆ. ತೆಗೆದ ದಿನವೆಲ್ಲ ಅಜ್ಜಿ ಊಟ ಬಿಡುತ್ತಿದ್ದರು. ಕೊನೆಗೆ ಆ ಹೈಟಿಯ ಏಡ್ ಒಂದು ಮುಚ್ಚಳದ ಡಬ್ಬಿ ತಂದು ದಿಂಬಿನ ಪಕ್ಕ ಇಟ್ಟರು. ರಾತ್ರಿ ಅದರಲ್ಲಿ ಒಂದು ಬನ್ನು. ಬೆಳಿಗ್ಗೆ ಹೊಸ ಬನ್ನು ಒಳಗಿಟ್ಟ ಮೇಲೆಯೇ ಹಳೆಯದನ್ನು ತೆಗೆಯುವುದು, ಡಬ್ಬಿ ಒಂದು ಕ್ಷಣವೂ ಖಾಲಿ ಇರಬಾರದು. ಇಡುವಾಗ ಆ ಏಡ್ "ಕೆನ್ಯೇರ್" ಅನ್ನುತ್ತಿದ್ದರು. ಹಂಗೇರಿಯನ್‌ನಲ್ಲಿ ಬ್ರೆಡ್ಡು. ಆ ಭಾಷೆಯಲ್ಲಿ ಅವರಿಗೆ ಬರುತ್ತಿದ್ದದ್ದು ಅದೊಂದೇ ಶಬ್ದ. ಕೇರ್ ಪ್ಲಾನಿನಲ್ಲಿ ಅದನ್ನು ನಾನೇ ಬರೆಸಿದೆ, ಅಧಿಕಾರಿಗಳು ಕೇಳಿದಾಗ ತೋರಿಸಿದೆ. ಅವರೂ ಓದಿ ಸುಮ್ಮನಾದರು.

ಮರೆವಿನ ಕಾಯಿಲೆಯವರಿರುವ ಆ ಮಹಡಿಯ ಬಗ್ಗೆ ರಬ್ಬಿ ಹೇಳುವ ಮಾತೊಂದು ನನಗೆ ಬಹಳ ಹತ್ತಿರದ್ದು. ಪ್ರವಾದಿ ಮೋಶೆ ಸಿಟ್ಟಿನಲ್ಲಿ ಒಡೆದ, ಹತ್ತು ಆಜ್ಞೆಗಳಿದ್ದ ಮೊದಲ ಶಿಲಾಫಲಕಗಳ ಚೂರುಗಳನ್ನೂ ಹೊಸ ಫಲಕಗಳ ಜೊತೆಗೇ ಪೆಟ್ಟಿಗೆಯಲ್ಲಿಟ್ಟು ಹೊತ್ತರಂತೆ. ಹಾಗಾಗಿ ತನ್ನ ತಪ್ಪಿಲ್ಲದೆ ಕಲಿತದ್ದನ್ನೆಲ್ಲ ಮರೆತ ಮುದುಕನ ವಿಷಯದಲ್ಲಿ ಜಾಗ್ರತೆ ಅನ್ನುತ್ತದೆ ತಾಲ್ಮೂದ್. ಹೊಸ ಏಡ್‌ಗಳ ತರಬೇತಿಯ ಮೊದಲ ದಿನ ಇದನ್ನು ಹೇಳಿಸುತ್ತೇನೆ. ಅವರಲ್ಲಿ ಯಹೂದಿಗಳು ಯಾರೂ ಇರುವುದಿಲ್ಲ. ಹೈಟಿ, ಘಾನಾ, ಫಿಲಿಪ್ಪೀನ್ಸ್, ನಮ್ಮ ಕೇರಳದವರು. ವಾಸಿಸುವವರಲ್ಲೂ ಈಗ ಎಲ್ಲ ಮತದವರಿದ್ದಾರೆ. ಶುಕ್ರವಾರ ಸೂರ್ಯ ಮುಳುಗುವ ಹದಿನೆಂಟು ನಿಮಿಷ ಮೊದಲು ಊಟದ ಕೋಣೆಯಲ್ಲಿ ವಾರದ ವಿಶ್ರಾಂತಿಯ ದಿನವಾದ ಶಬ್ಬಾತಿನ ದೀಪ ಹಚ್ಚುವಾಗ ಎಲ್ಲರೂ ಬಂದು ಕೂರುತ್ತಾರೆ. ಆಕ್ಸಿಜನ್ ಹಾಕಿಕೊಂಡವರಿರುವುದರಿಂದ ಬೆಂಕಿ ಹಚ್ಚುವಂತಿಲ್ಲ, ಬ್ಯಾಟರಿಯ ಪುಟ್ಟ ದೀಪಗಳು. ತಮ್ಮ ಹೆಸರೂ ನೆನಪಿಲ್ಲದ ಅಜ್ಜಿಯಂದಿರ ಕೈ ತಾನಾಗಿ ಮೇಲೆದ್ದು ಕಣ್ಣು ಮುಚ್ಚಿಕೊಳ್ಳುತ್ತದೆ, ತುಟಿ ಆಡುತ್ತದೆ.

ದುಡ್ಡಿನ ವಿಷಯ ಹೇಳದಿದ್ದರೆ ಅರ್ಧ ಮಾತ್ರ ಹೇಳಿದಂತೆ. ಇಂಥ ಹೋಮುಗಳನ್ನು ಹುಟ್ಟುಹಾಕಿದವರು ವಲಸೆ ಬಂದ ಯಹೂದಿಗಳು. ನ್ಯೂಯಾರ್ಕಿನ ಹಳೆಯದೊಂದರ ಮೂಲ 1848ಕ್ಕೆ ಹೋಗುತ್ತದೆ. ರಿವರ್‌ಡೇಲಿನ ಹೀಬ್ರೂ ಹೋಮ್ ಶುರುವಾದದ್ದು 1917ರಲ್ಲಿ, ಹಾರ್ಲೆಮ್ಮಿನಲ್ಲಿ. ಇವತ್ತು ಅಮೆರಿಕದ ನರ್ಸಿಂಗ್ ಹೋಮುಗಳಲ್ಲಿ ಹತ್ತರಲ್ಲಿ ಏಳು ಲಾಭಕ್ಕಾಗಿ ನಡೆಯುವಂಥವು. ಅರವತ್ತೈದು ದಾಟಿದವರ ಸರ್ಕಾರಿ ವಿಮೆ ಮೆಡಿಕೇರ್ ಇಂಥಲ್ಲಿ ಕೊಡುವುದು ಆಸ್ಪತ್ರೆಯಿಂದ ಬಂದ ಮೇಲೆ ಹೆಚ್ಚೆಂದರೆ 100 ದಿನಕ್ಕೆ. ಅಲ್ಲಿಂದ ಮುಂದೆ ಸ್ವಂತ ಹಣ, ಅದು ಕರಗಿ ಹೆಚ್ಚಿನ ರಾಜ್ಯಗಳಲ್ಲಿ 2,000 ಡಾಲರಿನ ಆಸುಪಾಸಿಗೆ ಇಳಿದ ಮೇಲೆ ಬಡವರ ಯೋಜನೆ ಮೆಡಿಕೇಡ್. ದೇಶದ ನರ್ಸಿಂಗ್ ಹೋಮುಗಳಲ್ಲಿರುವ ಹತ್ತು ಮಂದಿಯಲ್ಲಿ ಆರು ಮಂದಿ ಅದರಲ್ಲೇ ಇದ್ದಾರೆ, ನಮ್ಮಲ್ಲಿ ಇನ್ನೂ ಹೆಚ್ಚು. ಅದು ಕೊಡುವ ಹಣಕ್ಕೂ ನಮ್ಮ ಖರ್ಚಿಗೂ ತಾಳೆಯಾಗುವುದಿಲ್ಲ. ಆ ಅಂತರ ತುಂಬಲು ನಾನು ವರ್ಷವಿಡೀ ದಾನಿಗಳ ಮನೆಬಾಗಿಲಿಗೆ ಹೋಗುತ್ತೇನೆ. ಕೇಳುವುದಕ್ಕೆ ನಾಚಿಕೆಯಿಲ್ಲ. ದಾನಕ್ಕೆ ಬಳಸುವ ತ್ಸೆದಕಾ ಎನ್ನುವ ಹೀಬ್ರೂ ಶಬ್ದ ಬಂದಿರುವುದು ನ್ಯಾಯ ಎನ್ನುವ ಮೂಲದಿಂದ. ಕೊಡುವವರೂ ಅದನ್ನು ತಮ್ಮ ಪಾಲು ಅಂತಲೇ ಕೊಡುತ್ತಾರೆ.

ಎರಡು ವರ್ಷದ ಹಿಂದೆ ಒಂದು ಕಂಪನಿ ಕೊಳ್ಳಲು ಬಂತು, ಒಳ್ಳೆಯ ಬೆಲೆಯನ್ನೇ ಹೇಳಿತು. ಸುತ್ತಮುತ್ತ ಎಷ್ಟೋ ಯಹೂದಿ ಹೋಮುಗಳು ಹಾಗೆ ಮಾರಾಟವಾಗಿವೆ. ಬೋರ್ಡಿನಲ್ಲಿ ಮಾರೋಣ ಎಂದವರು ಕೆಟ್ಟವರಲ್ಲ, ಬಂದ ಹಣದ ಬಡ್ಡಿಯಲ್ಲಿ ಹೆಚ್ಚು ಜನರಿಗೆ ಮನೆಯಲ್ಲೇ ಆರೈಕೆ ಕೊಡಬಹುದು ಎಂದು ಲೆಕ್ಕ ಹಾಕಿದ್ದರು. ನಾನು ಎರಡೂ ಲೆಕ್ಕವನ್ನು ಪ್ರಾಮಾಣಿಕವಾಗಿ ಮುಂದಿಟ್ಟೆ. ಕೊನೆಯಲ್ಲಿ ಒಬ್ಬ ನಿವೃತ್ತ ಶಿಕ್ಷಕಿ, "ಮೂರನೇ ಮಹಡಿಯ ಡಬ್ಬಿಯಲ್ಲಿ ಆಮೇಲೆ ಬನ್ನು ಇಡುವವರು ಯಾರು?" ಎಂದು ಕೇಳಿದರು. ಈ ಸಲಕ್ಕೆ ಬೇಡ ಅಂತಾಯಿತು. ಮತ್ತೆ ಆ ಪ್ರಶ್ನೆ ಬರುತ್ತದೆ, ಬಂದಾಗ ನನಗೆ ಉತ್ತರ ಕೊಡಲು ಆಗಬೇಕು.

2020ರ ಮಾರ್ಚ್ 13ರಂದು ಹೊರಗಿನವರು ಯಾರೂ ಒಳಗೆ ಬರಕೂಡದೆಂದು ಕೇಂದ್ರದಿಂದ ಸೂಚನೆ ಬಂತು. ಆ ವಸಂತದ ಬಗ್ಗೆ ಬರೆಯಲು ನನಗೆ ಇನ್ನೂ ಆಗುತ್ತಿಲ್ಲ. ಒಂದೇ ಮಾತು: ತೀರಿಕೊಂಡವರಿಗೆ ಕಡೀಶ್ ಪ್ರಾರ್ಥನೆ ಹೇಳಲು ಹತ್ತು ಜನ ಒಂದೆಡೆ ಸೇರಬೇಕು, ನಮಗೆ ಹತ್ತು ಜನರನ್ನು ಒಂದು ಕೋಣೆಯಲ್ಲಿ ಸೇರಿಸುವಂತಿರಲಿಲ್ಲ.

ನಾನು ಸೇರಿದ ಹೊಸತರಲ್ಲಿ ಇಲ್ಲಿ ತೀರಿಹೋದವರನ್ನು ಸಾಮಾನಿನ ಲಿಫ್ಟಿನಲ್ಲಿ ಇಳಿಸಿ, ಕಸದ ತೊಟ್ಟಿಗಳಿರುವ ಹಿಂಬಾಗಿಲಿನಿಂದ ಒಯ್ಯುತ್ತಿದ್ದರು. ಉಳಿದವರಿಗೆ ನೋವಾಗಬಾರದು ಎನ್ನುವುದು ಕಾರಣ. ಉಳಿದವರಿಗೆ ಅದು ಗೊತ್ತಿಲ್ಲದೆ ಇರುತ್ತಿತ್ತೇ! ಊಟದ ಮೇಜಿನ ಒಂದು ಕುರ್ಚಿ ಖಾಲಿ, ಯಾರೂ ಏನೂ ಹೇಳುತ್ತಿರಲಿಲ್ಲ. ಒಂದು ದಿನ ತೊಂಬತ್ತು ದಾಟಿದ ಒಬ್ಬರು, ಹಿಂದೆ ದರ್ಜಿಯಾಗಿದ್ದವರು, ನನ್ನ ಆಫೀಸಿಗೆ ವಾಕರ್ ತಳ್ಳಿಕೊಂಡು ಬಂದು, "ನಾನು ಬಂದಾಗ ನೀವೆಲ್ಲ ಮುಂಬಾಗಿಲಿಗೆ ಬಂದು ಕೈಕುಲುಕಿದ್ದಿರಿ. ಹೋಗುವಾಗಲೂ ಅಲ್ಲಿಂದಲೇ ಕಳಿಸಿ" ಎಂದರು. ಮುಂದಿನ ವಾರದಿಂದಲೇ ಬದಲಿಸಿದೆವು.

ಈಗ ಯಾರಾದರೂ ತೀರಿಕೊಂಡರೆ ಯಹೂದಿಗಳ ಶವಸಂಸ್ಕಾರ ನೋಡಿಕೊಳ್ಳುವ ಹೆವ್ರಾ ಕಡಿಶಾದ ಸ್ವಯಂಸೇವಕರು ಬರುವ ತನಕ ಪಕ್ಕದಲ್ಲಿ ಒಬ್ಬರು ಕೂತಿರುತ್ತಾರೆ. ಅವರು ಮೈ ತೊಳೆದು, ಬಡವ ಬಲ್ಲಿದ ಅನ್ನದೆ ಎಲ್ಲರಿಗೂ ಒಂದೇ ತರದ, ಜೇಬಿಲ್ಲದ ಬಿಳಿ ಬಟ್ಟೆ ತೊಡಿಸುತ್ತಾರೆ. ಹೊರಡಿಸುವ ಹೊತ್ತಿಗೆ ಕೈಗೆ ಸಿಕ್ಕ ಕೆಲಸ ಬಿಟ್ಟು ಎಲ್ಲರೂ ಮುಂಬಾಗಿಲ ಎರಡೂ ಬದಿ ನಿಲ್ಲುತ್ತೇವೆ, ಅಡುಗೆಯವರು, ಲಾಂಡ್ರಿಯವರು, ನಿಲ್ಲಲಾಗದವರು ವ್ಹೀಲ್‌ಚೇರಿನಲ್ಲೇ. ಆ ದರ್ಜಿಯವರೂ ಹಾಗೇ ಹೋದರು. ಹಂಗೇರಿಯ ಅಜ್ಜಿ ಹೋದ ದಿನ ಹೈಟಿಯ ಏಡ್ ಆ ಡಬ್ಬಿಯನ್ನು ತೊಳೆದು, ಒರೆಸಿ, ಮಗಳ ಕೈಗೆ ಕೊಟ್ಟರು.

ಇದನ್ನೆಲ್ಲ ಇವತ್ತು ಬರೆಯುತ್ತಿರುವುದಕ್ಕೆ ಕಾರಣವಿದೆ. ಮೈಸೂರಿನಲ್ಲಿರುವ ನನ್ನ ಕಾಲೇಜಿನ ಗೆಳತಿ ಹೋದ ತಿಂಗಳು ಫೋನ್ ಮಾಡಿ ಅತ್ತಳು. ಅವಳ ಅಮ್ಮನಿಗೆ ಎಂಬತ್ನಾಲ್ಕು, ರಾತ್ರಿಯಿಡೀ ಬಾಗಿಲು ತೆಗೆದು ಬೀದಿಗಿಳಿಯುತ್ತಾರೆ, ಇವಳಿಗೆ ಮೂರು ವರ್ಷದಿಂದ ನೆಟ್ಟಗೆ ನಿದ್ದೆಯಿಲ್ಲ. "ಒಂದು ಕಡೆ ಕೇಳಿದೀನಿ ಕಣೇ, ಆದ್ರೆ ಬಿಟ್ಟು ಬಂದ್ರೆ ಪಾಪ ಸುತ್ಕೊಳಲ್ವಾ?" ಎಂದಳು. ರಾಂಬಾಮನ ಮಾತನ್ನೂ ರಾಆವಾದನ ತಕರಾರನ್ನೂ ಎರಡನ್ನೂ ಹೇಳಿದೆ. ಹೋಗಿ ನೋಡುವಾಗ ಸಂಜೆ ನಾಲ್ಕು ಗಂಟೆಗೆ ಹೋಗು, ಮೊದಲೇ ತಿಳಿಸಬೇಡ, ಕಾರಿಡಾರಿನ ವಾಸನೆ ನೋಡು, ರಾತ್ರಿ ಎಷ್ಟು ಜನ ಎಚ್ಚರವಿರುತ್ತಾರೆ ಕೇಳು, ಸ್ನಾನ ಯಾವ ಹೊತ್ತಿಗೆ ಮಾಡಿಸುತ್ತಾರೆ ಅಂತ ತಪ್ಪದೆ ಕೇಳು ಎಂದೆ.

ಮೊನ್ನೆ ಹೋಗಿ ನೋಡಿ ಬಂದಳಂತೆ. ಮ್ಯಾನೇಜರು ರೇಟು, ರೂಮು ಅಂತ ವಿವರಿಸುತ್ತಿರುವಾಗ ಅಲ್ಲೇ ನಿಂತಿದ್ದ ಆಯಾ ಮಧ್ಯೆ ಬಾಯಿ ಹಾಕಿ, "ಅಮ್ಮಾವ್ರು ರಾತ್ರಿ ಎದ್ದು ಎಲ್ಲಿಗೆ ಹೋಗ್ಬೇಕು ಅಂತಾರೆ?" ಎಂದು ಕೇಳಿದಳಂತೆ. ತವರಿಗೆ, ನಂಜನಗೂಡಿಗೆ, ಎಂದು ಇವಳು ಹೇಳಿದ್ದಾಳೆ. "ನಮ್ದೂ ಆ ಕಡೇನೇ. ನಾನು ಮಾತಾಡಿಸ್ತೀನಿ ಬಿಡಿ" ಅಂದಳಂತೆ ಆಯಾ.