‘ಸರ್ಟಿಫಿಕೇಟ್ ಕೊಡ್ತಾರೇನ್ರಿ?’

ದಾವಣಗೆರೆ, ಹರಿಹರ, ಚಿತ್ರದುರ್ಗ, ಚಳ್ಳಕೆರೆ ಕಡೆಯ ಜೀವಶಾಸ್ತ್ರದವರು ಸಿಕ್ಕಾಗಲೆಲ್ಲ ಕೇಳುವುದು ಇದೊಂದೇ. ಎಂ.ಎಸ್ಸಿ. ಮುಗಿಸಿದವರು, ಅತಿಥಿ ಉಪನ್ಯಾಸಕರು, ಡಯಾಗ್ನೋಸ್ಟಿಕ್ ಲ್ಯಾಬಿನಲ್ಲಿ ದುಡಿಯುವವರು, ಬೀಜ ಕಂಪನಿಯಲ್ಲಿರುವವರು, ಯಾರೇ ಇರಲಿ: “ಇಲ್ಲಿದ್ಕೊಂಡೇ ಮುಂದೆ ಬರ್ಬೇಕು ಅಂದ್ರೆ ಯಾವ ವರ್ಕ್‌ಶಾಪ್ ಮಾಡ್ಲಿ ಮೇಡಂ? ಸರ್ಟಿಫಿಕೇಟ್ ಕೊಡ್ತಾರೇನ್ರಿ?” ಹೇಳಿ ಹೇಳಿ ಗಂಟಲು ಒಣಗಿದೆ. ಒಮ್ಮೆ ಬರೆದಿಡುತ್ತೇನೆ. ಇನ್ನು ಮುಂದೆ ಕೇಳಿದವರಿಗೆ ಇದರ ಲಿಂಕು.

ಕೊಡ್ತಾರೆ ಕಣ್ರಿ. ಎಲ್ಲರೂ ಕೊಡ್ತಾರೆ. ಅರ್ಧ ಗಂಟೆ ವೆಬಿನಾರ್ ಹಾಕಿ, ವಿಡಿಯೊ ಆಫ್ ಮಾಡಿ ಅಡುಗೆ ಮಾಡುತ್ತಿದ್ದವರಿಗೂ ಬಣ್ಣಬಣ್ಣದ ಇ-ಸರ್ಟಿಫಿಕೇಟ್ ಬರುತ್ತದೆ. ಅದರಲ್ಲಿ ಹೆಸರಿನ ಕಾಗುಣಿತ ಸರಿ ಇದ್ದರೆ ಅದೇ ದೊಡ್ಡದು. ನನಗೆ ಸಿಟ್ಟು ಬರುವುದು ಕಾಗದದ ಮೇಲಲ್ಲ, ಕೇಳುವ ಕ್ರಮದ ಮೇಲೆ. ಮೊದಲು ಸರ್ಟಿಫಿಕೇಟ್, ಆಮೇಲೆ ಊಟ, ಆಮೇಲೆ ಓಓಡಿ (ಹೋದ ದಿನವನ್ನು ಕೆಲಸದ ದಿನವೆಂದೇ ಲೆಕ್ಕಹಾಕುವುದು) ಸಿಗುತ್ತದಾ ಎಂಬುದು. ಏನು ಕಲಿಸುತ್ತಾರೆ ಎಂದು ಕೇಳಿದವರನ್ನು ಬೆರಳಲ್ಲಿ ಎಣಿಸಬಹುದು.

ವರ್ಕ್‌ಶಾಪಿಗೆ ದುಡ್ಡು ಕಟ್ಟುವ ಮುಂಚೆ ಫೋನ್ ಮಾಡಿ ನಾಲ್ಕು ವಿಷಯ ಕೇಳಿ. ಎಷ್ಟು ಜನ, ಎಷ್ಟು ಪಿಪೆಟ್ (ಹನಿ ದ್ರವವನ್ನು ಅಳೆದು ಹಾಕುವ ಸಾಧನ)? ನಲವತ್ತು ಜನಕ್ಕೆ ಡಿಎನ್ಎ ತುಣುಕನ್ನು ನಕಲು ಮಾಡಿ ಹೆಚ್ಚಿಸುವ ಪಿಸಿಆರ್ ಯಂತ್ರ ಒಂದೇ ಅಂದರೆ ಅದು ಪ್ರದರ್ಶನ, ತರಬೇತಿ ಅಲ್ಲ. ನಮ್ಮದೇ ಸ್ಯಾಂಪಲ್ ತರಬಹುದಾ? ಎಷ್ಟು ದಿನ? ಎಲೆಯಿಂದ ಡಿಎನ್ಎ ತೆಗೆದು, ಪಿಸಿಆರ್ ಮಾಡಿ, ಜೆಲ್ ಓಡಿಸಿ (ಡಿಎನ್ಎ ತುಣುಕುಗಳನ್ನು ಕರೆಂಟಿನಿಂದ ಬೇರೆ ಮಾಡಿ ನೋಡುವುದು), ಕೆಟ್ಟಿದ್ದನ್ನು ಮತ್ತೆ ಮಾಡಲು ಎರಡು ದಿನವಾದರೂ ಬೇಕು. ಒಂದೇ ದಿನದ ಕಾರ್ಯಕ್ರಮದಲ್ಲಿ ಉದ್ಘಾಟನೆ, ಸನ್ಮಾನ, ಗ್ರೂಪ್ ಫೋಟೊ ಕಳೆದರೆ ಉಳಿಯುವುದು ಮೂರು ಗಂಟೆ. ನಾಲ್ಕನೆಯದು, ಫಲಿತಾಂಶ ಬರದಿದ್ದರೆ ಏನು ಮಾಡುತ್ತೀರಿ? “ಬಂದೇ ಬರುತ್ತೆ ಮೇಡಂ” ಎಂದವರ ಹತ್ತಿರ ಹೋಗಬೇಡಿ. ಹಿಂದಿನ ದಿನವೇ ಮಾಡಿಟ್ಟ ಜೆಲ್ಲನ್ನು ತೋರಿಸುತ್ತಾರೆ.

ಕಾಗದಕ್ಕೆ ನಿಜವಾಗಿ ಬೆಲೆ ಇರುವ ಕಡೆಯೂ ಇದೆ, ಅದನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಕಾಯಂ ಅಧ್ಯಾಪಕರಿಗೆ ಬಡ್ತಿಯ ಹೊತ್ತಿನಲ್ಲಿ ರಿಫ್ರೆಶರ್ ಕೋರ್ಸ್ ಲೆಕ್ಕಕ್ಕೆ ಬರುತ್ತದೆ. ಐಐಟಿ, ಐಐಎಸ್‌ಸಿಗಳ ಎನ್‌ಪಿಟಿಇಎಲ್ ಆನ್‌ಲೈನ್ ಕೋರ್ಸನ್ನು ಮನೆಯಲ್ಲಿ ಕೂತು ಉಚಿತವಾಗಿ ಕಲಿಯಬಹುದು, ಶುಲ್ಕ ಪರೀಕ್ಷೆಗೆ ಮಾತ್ರ. ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75, ಪಾಸಾಗಲು ಅಸೈನ್‌ಮೆಂಟಿನಲ್ಲಿ 10 ಮತ್ತು ಪರೀಕ್ಷೆಯಲ್ಲಿ 30 ಎರಡೂ ಬೇಕು. ಪರೀಕ್ಷೆ ಬರೆದರಾಯ್ತು ಎಂದು ಅಸೈನ್‌ಮೆಂಟ್ ಬಿಟ್ಟವರು ಅಲ್ಲೇ ಮುಗ್ಗರಿಸುತ್ತಾರೆ. ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್ ಇದೆ. ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್-ನವೆಂಬರಿನಲ್ಲಿ. ಮಾರ್ಚಿನಲ್ಲಿ ಫೋನ್ ಮಾಡಿ “ಈ ಬೇಸಿಗೆಗೆ ಏನಾದ್ರೂ ಇದೆಯಾ” ಎಂದರೆ ಇರುವುದು ಮಾವಿನಹಣ್ಣು. ಶಾಲೆ, ಪಿಯು ಕಾಲೇಜಿನ ವಿಜ್ಞಾನ ಶಿಕ್ಷಕರಿಗೆ ಪಕ್ಕದಲ್ಲೇ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಐಐಎಸ್‌ಸಿಯ ಟ್ಯಾಲೆಂಟ್ ಡೆವಲಪ್‌ಮೆಂಟ್ ಸೆಂಟರ್ ಇದೆ, ಅಲ್ಲಿ ಕೈಯಾರೆ ಪ್ರಯೋಗ ಮಾಡಿಸುತ್ತಾರೆ. ಇಡೀ ದೇಶದ ಜೀವಶಾಸ್ತ್ರಜ್ಞರ ಕೆಲಸ, ಅನುದಾನ, ಸಭೆಗಳ ಸುದ್ದಿಗೆ ಇಂಡಿಯಾಬಯೋಸೈನ್ಸ್ ಜಾಲತಾಣ ನೋಡಿ. ಫಾರ್ವರ್ಡ್ ಆಗಿ ಬಂದ ಸುದ್ದಿ ಅಷ್ಟರಲ್ಲಿ ಹಳಸಿರುತ್ತದೆ.

ದುಡ್ಡು ಕೊಟ್ಟು ಪೇಪರ್ ಹಾಕಿಸುವ ವಿಚಾರವನ್ನಂತೂ ಕೇಳಲೇಬೇಡಿ. ಪಿಎಚ್‌ಡಿಗೆ ಪ್ರಕಟಣೆ ಕಡ್ಡಾಯ ಎಂಬುದನ್ನು ಯುಜಿಸಿ 2022ರ ನಿಯಮಾವಳಿಯಲ್ಲೇ ತೆಗೆದಿದೆ, 2025ರ ಫೆಬ್ರುವರಿಯಲ್ಲಿ ತಾನು ಒಪ್ಪಿದ ನಿಯತಕಾಲಿಕಗಳ ಕೇರ್ ಪಟ್ಟಿಯನ್ನೂ ಕೈಬಿಟ್ಟಿತು. “ಎರಡು ದಿನದಲ್ಲಿ ಪ್ರಕಟಣೆ, ಐಎಸ್‌ಎಸ್‌ಎನ್ ಇದೆ” ಎಂದು ವಾಟ್ಸ್ಆ್ಯಪಿನಲ್ಲಿ ಬರುವವರಿಗೆ ಐಎಸ್‌ಎಸ್‌ಎನ್ ಇರುವುದು ನಿಜ. ಅದು ನಿಯತಕಾಲಿಕದ ಗುರುತಿನ ಸಂಖ್ಯೆ, ಗುಣಮಟ್ಟದ ಮುದ್ರೆ ಅಲ್ಲ. ನಂಬರ್ ಪ್ಲೇಟ್ ಇದ್ದ ಮಾತ್ರಕ್ಕೆ ಗಾಡಿಯಲ್ಲಿ ಬ್ರೇಕ್ ಇದೆ ಎಂದಲ್ಲ.

ನೆಟ್ (ಅಧ್ಯಾಪಕ ಹುದ್ದೆಗೆ, ಸಂಶೋಧನೆಗೆ ಅರ್ಹತಾ ಪರೀಕ್ಷೆ) ಬರೆಯುವವರಿಗೆ ಒಂದು ಮಾತು. ಸಿಎಸ್ಐಆರ್ ಲೈಫ್ ಸೈನ್ಸಸ್ ಪತ್ರಿಕೆ 200 ಅಂಕದ್ದು. ಅದರಲ್ಲಿ 100 ಅಂಕ ಪಾರ್ಟ್ ಸಿಗೆ: 75 ಪ್ರಶ್ನೆಯಲ್ಲಿ 25 ಬಿಡಿಸಬೇಕು, ತಲಾ 4. ಅಲ್ಲಿ ಕೇಳುವುದು ವ್ಯಾಖ್ಯೆಯಲ್ಲ, ಪ್ರಯೋಗ. ಈ ಜೆಲ್ಲಿನ ಚಿತ್ರ ನೋಡಿ, ಯಾವ ಕಂಟ್ರೋಲ್ (ಹೋಲಿಸಿ ನೋಡುವ ಮಾದರಿ) ತಪ್ಪಿದೆ ಹೇಳಿ, ಎಂಬ ಧಾಟಿ. ಕೋಚಿಂಗ್ ನೋಟ್ಸ್ ಉರು ಹೊಡೆದವರು ಪಾರ್ಟ್ ಬಿವರೆಗೆ ಓಡಿ ಬಂದು ಇಲ್ಲಿ ನಿಂತುಬಿಡುತ್ತಾರೆ. ಇದರಲ್ಲಿ ಗೆದ್ದವರಿಗೆ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್‌ನ ಮೊತ್ತ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಅಷ್ಟು ಕೊಡುವವರು ಕೆಟ್ಟ ಜೆಲ್ಲನ್ನು ಓದಬಲ್ಲವರನ್ನು ಹುಡುಕುವುದು ಸಹಜ.

ಹಾಗಾಗಿ ನನ್ನನ್ನು ಕೇಳಬೇಕಾದ ಪ್ರಶ್ನೆ ಇದು: “ಮೇಡಂ, ನನ್ನ ಜೆಲ್ ಯಾಕೆ ಖಾಲಿ ಬಂತು?”

ಇದನ್ನು ಕೇಳಿದರೆ ಎಷ್ಟು ಹೊತ್ತು ಬೇಕಾದರೂ ಮಾತಾಡುತ್ತೇನೆ. ಈಗ ಕೇಳಿದ್ದೀರಿ ಎಂದೇ ಇಟ್ಟುಕೊಳ್ಳೋಣ. ಗಿಡವೂ ನಮ್ಮ ಕಡೆಯದೇ ಇರಲಿ, ಚನ್ನಗಿರಿಯ ಅಡಿಕೆ.

ಮೊದಲ ತಪ್ಪು ಎಲೆಯಲ್ಲೇ ಆಗುತ್ತದೆ. ಬಲಿತ ಸೋಗೆ ಕಿತ್ತು ತರುತ್ತಾರೆ. ಅದರಲ್ಲಿ ನಾರು ಜಾಸ್ತಿ, ಪಾಲಿಫಿನಾಲ್ ಜಾಸ್ತಿ. ಸುಳಿ ಎಲೆ ಬೇಕು, ಇನ್ನೂ ಬಿಚ್ಚದ ಎಳೆಯದು. ಅಡಿಕೆ ಬೇಯಿಸುವಾಗ ಹಂಡೆಯಲ್ಲಿ ಚೊಗರು ಕೆಂಪಗೆ ಇಳಿಯುತ್ತದಲ್ಲ, ಅದೇ ಜಾತಿಯ ವಸ್ತುಗಳು ಎಲೆ ಅರೆದ ಕೂಡಲೇ ಗಾಳಿ ತಾಗಿ ಕಂದಾಗಿ ಡಿಎನ್ಎಗೆ ಅಂಟಿಕೊಳ್ಳುತ್ತವೆ. ಕೊನೆಗೆ ಟ್ಯೂಬಿನ ತಳದಲ್ಲಿ ಬೆಳ್ಳನೆಯ ಉಂಡೆ ಇರಬೇಕಾದಲ್ಲಿ ಬೆಲ್ಲದ ಬಣ್ಣದ್ದು ಕೂತಿರುತ್ತದೆ. ತೋಟದಿಂದ ಲ್ಯಾಬಿಗೆ ತರಲು ಐಸ್ ಇಲ್ಲದಿದ್ದರೆ ಚಿಂತೆಯಿಲ್ಲ. ಎಲೆಯ ತೂಕದ ಹತ್ತು ಪಟ್ಟು ಸಿಲಿಕಾ ಜೆಲ್ ಹಾಕಿದ ಜಿಪ್ ಕವರಿನಲ್ಲಿ, ಎಲೆಯನ್ನು ಸಣ್ಣಗೆ ಕತ್ತರಿಸಿ ಇಡಿ. ಒಂದು ದಿನದಲ್ಲಿ ಮುರಿದರೆ ಚಟ್ ಎನ್ನುವಂತೆ ಒಣಗಬೇಕು. ಮಡಚಿದರೆ ಬಾಗುತ್ತಿದೆ ಎಂದರೆ ಸಿಲಿಕಾ ಸಾಲದು.

ಎಲೆಯಿಂದ ಡಿಎನ್ಎ ಬಿಡಿಸುವ ದ್ರಾವಣ, ಸಿಟಿಎಬಿ ಬಫರ್, 100 ಮಿಲಿಲೀಟರಿಗೆ: ಸಿಟಿಎಬಿ 2 ಗ್ರಾಂ, ಉಪ್ಪು ಅಂದರೆ ಸೋಡಿಯಂ ಕ್ಲೋರೈಡ್ 8.18 ಗ್ರಾಂ, 1 ಮೋಲಾರ್ ಟ್ರಿಸ್ 10 ಮಿಲಿಲೀಟರ್, 0.5 ಮೋಲಾರ್ ಇಡಿಟಿಎ 4 ಮಿಲಿಲೀಟರ್, ಪಿವಿಪಿ 2 ಗ್ರಾಂ. ಪಿವಿಪಿ ಪಾಲಿಫಿನಾಲನ್ನು ಹಿಡಿದಿಡುತ್ತದೆ, ಅದನ್ನು ಬಿಟ್ಟರೆ ಅಡಿಕೆಯಲ್ಲಿ ಕೈ ಸುಟ್ಟುಕೊಂಡಿರಿ ಎಂದೇ ಲೆಕ್ಕ. ಉಪ್ಪು ಕಡಿಮೆಯಾದರೆ ಸಿಟಿಎಬಿ ಡಿಎನ್ಎಯನ್ನೇ ಕಟ್ಟಿಕೊಂಡು ಕೆಳಗೆ ಇಳಿಯುತ್ತದೆ, ಆದ್ದರಿಂದ ತೂಕದಲ್ಲಿ ಅಂದಾಜು ಬೇಡ. ಬೀಟಾ ಮರ್ಕ್ಯಾಪ್ಟೋಎಥನಾಲ್ ಮಿಲಿಲೀಟರಿಗೆ 2 ಮೈಕ್ರೋಲೀಟರಿನಂತೆ, ಬಳಸುವ ಹೊತ್ತಿಗೆ ಸೇರಿಸಬೇಕು. ಹೋದ ವಾರ ಬೆರೆಸಿಟ್ಟಿದ್ದು ಇವತ್ತು ವಾಸನೆಗೆ ಮಾತ್ರ. ಬಫರನ್ನು ಫ್ರಿಜ್ಜಿನಲ್ಲಿಡಬೇಡಿ, ತಣ್ಣಗಾದರೆ ಸಿಟಿಎಬಿ ಗರಣೆ ಕಟ್ಟುತ್ತದೆ. 65 ಡಿಗ್ರಿಗೆ ಬಿಸಿ ಮಾಡಿದ ಬಫರನ್ನೇ ಕುಟ್ಟಾಣಿಗೆ ಸುರಿದು ಅರೆಯಿರಿ, ಅರ್ಧದಿಂದ ಒಂದು ಗಂಟೆ ಅದೇ ಬಿಸಿಯಲ್ಲಿಡಿ. ಆಮೇಲೆ ಕ್ಲೋರೋಫಾರ್ಮ್-ಐಸೋಅಮೈಲ್ ಆಲ್ಕೋಹಾಲ್, 24ಕ್ಕೆ 1. ಮೇಲಿನ ಪದರ ತೆಗೆಯುವಾಗ ದುರಾಸೆ ಬೇಡ. ಮಧ್ಯದ ಬಿಳಿ ಪೊರೆಗೆ ಟಿಪ್ ತಾಗಿತೋ, ಅಷ್ಟೂ ಹೊತ್ತಿನ ಕೆಲಸ ಹೋಯಿತು.

ಇಷ್ಟಾದರೂ ಪಿಸಿಆರ್ ಖಾಲಿ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 260/280 (ಆ ಎರಡು ತರಂಗಾಂತರಗಳಲ್ಲಿ ಬೆಳಕು ಹೀರಿದ್ದರ ಅನುಪಾತ) ನೋಡಿ 1.8 ಇದೆ ಎಂದು ಖುಷಿಪಟ್ಟು ಬಿಡುತ್ತಾರೆ. ಅದು ಪ್ರೊಟೀನ್ ಲೆಕ್ಕ. ನಮ್ಮ ಶತ್ರು ಇರುವುದು 260/230ರಲ್ಲಿ. ಅದು 2ರ ಆಸುಪಾಸು ಇರಬೇಕು, 1ಕ್ಕಿಂತ ಕೆಳಗಿದ್ದರೆ ಪಾಲಿಫಿನಾಲ್, ಪಾಲಿಸ್ಯಾಕರೈಡ್ ಅಥವಾ ಉಪ್ಪು ಉಳಿದಿದೆ. ಇಲ್ಲಿ ಎಲ್ಲರೂ ಮಾಡುವ ಕೆಲಸ ಎಂದರೆ ಡಿಎನ್ಎ ಸಾಲಲಿಲ್ಲವೇನೋ ಎಂದು ಇನ್ನಷ್ಟು ಸುರಿಯುವುದು. ಡಿಎನ್ಎ ಜೊತೆ ವಿಷವನ್ನೂ ಸುರಿದಂತಾಯಿತು. ಮಾಡಬೇಕಾದ್ದು ಉಲ್ಟಾ: ಹತ್ತು ಪಟ್ಟು, ಐವತ್ತು ಪಟ್ಟು ತೆಳುವಾಗಿಸಿ ಅಕ್ಕಪಕ್ಕ ಓಡಿಸಿ. ತೆಳುವಾದದ್ದರಲ್ಲಿ ಬ್ಯಾಂಡ್ (ಜೆಲ್ಲಿನಲ್ಲಿ ಡಿಎನ್ಎಯ ಗೆರೆ) ಬಂದರೆ ತಡೆಯುವ ವಸ್ತು ಇತ್ತು ಎಂದು ಸಾಬೀತಾಯಿತು.

ಪ್ರತಿ ಸಲವೂ ಎರಡು ಕಂಟ್ರೋಲ್ ಇರಲಿ. ಖಂಡಿತ ಬರಬೇಕಾದ್ದು ಒಂದು, ಡಿಎನ್ಎ ಬದಲು ನೀರು ಹಾಕಿದ್ದು ಒಂದು. ನೀರಿನ ಲೇನಿನಲ್ಲಿ (ಜೆಲ್ಲಿನಲ್ಲಿ ಅದರ ಸಾಲು) ಬ್ಯಾಂಡ್ ಬಂದರೆ ಉಳಿದ ಹನ್ನೊಂದು ಲೇನು ಎಷ್ಟು ಚಂದ ಇದ್ದರೂ ಕಸದ ಬುಟ್ಟಿಗೆ. ಬಹಳ ಜನ ನೀರಿನ ಲೇನನ್ನು ಕತ್ತರಿಸಿ ಫೋಟೊ ಕಳಿಸುತ್ತಾರೆ, ಗೊತ್ತಾಗುತ್ತದೆ.

ಜೆಲ್ಲಿನ ದಡ್ಡ ತಪ್ಪುಗಳನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಖಾಲಿ ಜೆಲ್ಲಿಗೆ ಎಷ್ಟೋ ಸಲ ಅವೇ ಕಾರಣ. ಶೇ 1ರ ಜೆಲ್ ಎಂದರೆ 50 ಮಿಲಿಲೀಟರಿಗೆ ಅರ್ಧ ಗ್ರಾಂ ಅಗರೋಸ್, ಕರಗಿಸಬೇಕಾದ್ದು ಬಫರಿನಲ್ಲಿ, ಬರಿಯ ನೀರಿನಲ್ಲಲ್ಲ. ಡಿಎನ್ಎ ಓಡುವುದು ಕೆಂಪು ತಂತಿಯ ಕಡೆಗೆ. ಬಾವಿಗಳು, ಅಂದರೆ ಮಾದರಿ ತುಂಬುವ ಗುಳಿಗಳು, ಕಪ್ಪು ತಂತಿಯ ಬದಿಯಲ್ಲಿರಬೇಕು, ತಿರುವುಮುರುವಾದರೆ ನಿಮ್ಮ ಮಾದರಿ ಜೆಲ್ಲಿನ ಅಂಚು ದಾಟಿ ಬಫರಿಗೆ ಹೋಗಿ ಸೇರುತ್ತದೆ. ಎಲೆಕ್ಟ್ರೋಡುಗಳ ನಡುವಿನ ಸೆಂಟಿಮೀಟರಿಗೆ 5 ವೋಲ್ಟ್ ಸಾಕು. ಬಸ್ಸು ಹಿಡಿಯುವ ಅವಸರದಲ್ಲಿ ವೋಲ್ಟೇಜ್ ಏರಿಸಿದರೆ ಬ್ಯಾಂಡ್ ನಗುವ ಬಾಯಿಯ ಹಾಗೆ ಬಾಗುತ್ತದೆ, ನಿಮ್ಮನ್ನು ನೋಡಿಯೇ.

ಇನ್ನು ನಮ್ಮೂರ ಬಿಸಿಲಿನ ಪಾತ್ರ. ಟ್ರಿಸ್ ಬಫರಿನ ಪಿಎಚ್ ಪ್ರತಿ ಡಿಗ್ರಿ ಬಿಸಿಗೆ 0.028ರಷ್ಟು ಇಳಿಯುತ್ತದೆ. ಏಪ್ರಿಲಿನಲ್ಲಿ 38 ಡಿಗ್ರಿ ಇರುವ ಲ್ಯಾಬಿನಲ್ಲಿ 8.0ಕ್ಕೆ ಹೊಂದಿಸಿದ್ದು 25 ಡಿಗ್ರಿಯಲ್ಲಿ 8.36 ಆಗಿರುತ್ತದೆ. ಬೆಂಗಳೂರಿನ ಎಸಿ ಲ್ಯಾಬಿನಲ್ಲಿ ಕೆಲಸ ಮಾಡಿದ ಪ್ರೊಟೊಕಾಲ್ ಇಲ್ಲಿ ಯಾಕೆ ಕೈಕೊಡುತ್ತದೆ ಎಂಬುದಕ್ಕೆ ಇದೂ ಒಂದು ಕಾರಣ. ಬಫರನ್ನು 25 ಡಿಗ್ರಿಯ ನೀರಿನ ತೊಟ್ಟಿಯಲ್ಲಿಟ್ಟು ಹೊಂದಿಸಿ, ಬಾಟಲಿಯ ಮೇಲೆ ಎಷ್ಟು ಡಿಗ್ರಿಯಲ್ಲಿ ಹೊಂದಿಸಿದ್ದೆಂದು ಬರೆಯಿರಿ. ಕರೆಂಟಿನ ಬಗ್ಗೆ ಹೇಳುವುದೇ ಬೇಡ, ಯುಪಿಎಸ್ ಇಲ್ಲದೆ ಪಿಸಿಆರಿನ 35 ಸೈಕಲ್ ಹಚ್ಚುವವರ ಧೈರ್ಯಕ್ಕೆ ಶರಣು.

ಪಿಪೆಟ್ ಪರೀಕ್ಷೆಗೂ ವರ್ಕ್‌ಶಾಪ್ ಬೇಕಿಲ್ಲ. ಒಳ್ಳೆಯ ತಕ್ಕಡಿಯ ಮೇಲೆ ಸಣ್ಣ ಪಾತ್ರೆ ಇಟ್ಟು, 100 ಮೈಕ್ರೋಲೀಟರ್ ಡಿಸ್ಟಿಲ್ಡ್ ನೀರನ್ನು ಹತ್ತು ಸಲ ಹಾಕಿ, ಪ್ರತಿ ಸಲವೂ ತೂಕ ಬರೆಯಿರಿ. 30 ಡಿಗ್ರಿ ಬಿಸಿಯಲ್ಲಿ ಪ್ರತಿ ಸಲ ಸುಮಾರು 99.5 ಮಿಲಿಗ್ರಾಂ ಬರಬೇಕು. ಸರಾಸರಿ ಶೇ 0.8ಕ್ಕಿಂತ ಆಚೀಚೆ ಹೋದರೆ ಪಿಪೆಟ್ ರಿಪೇರಿಗೆ. ಸರಾಸರಿ ಸರಿ ಇದ್ದು ಒಂದೊಂದು ಸಲ ಒಂದೊಂದು ಅಂಕಿ ಬಂದರೆ ರಿಪೇರಿ ಕೈಗೆ. ಹೀರುವಾಗ ಎರಡನೇ ನಿಲುಗಡೆವರೆಗೆ ಒತ್ತುತ್ತೀರಾ ನೋಡಿಕೊಳ್ಳಿ, ಜಾಸ್ತಿ ನೀರು ಬರುವುದಕ್ಕೆ ಮುಕ್ಕಾಲು ಪಾಲು ಅದೇ ಕಾರಣ.

“ಲ್ಯಾಬೇ ಇಲ್ಲ ಮೇಡಂ” ಎನ್ನುವವರಿಗೆ: ಬಯಲು ಇದೆ. ಸೂಳೆಕೆರೆ ಇದೆ, ಜೋಗಿಮಟ್ಟಿ ಇದೆ, ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ ಒಂದು ಅಭಯಾರಣ್ಯ ಇದೆ. ಅಭಯಾರಣ್ಯದೊಳಗೆ ಹೋಗಲು ಅರಣ್ಯ ಇಲಾಖೆಯ ಅನುಮತಿ ಬೇಕು, ಕೆರೆ ಏರಿಗೆ ಬೇಡ. ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟಿನಲ್ಲಿ ಕಾಲೇಜಿನ ಆವರಣವನ್ನೇ ಎಣಿಸಬಹುದು: ಕನಿಷ್ಠ 15 ನಿಮಿಷ, ಕಂಡ ಎಲ್ಲ ಜಾತಿ, ಪ್ರತಿಯೊಂದರ ಸಂಖ್ಯೆ, ಇ-ಬರ್ಡ್ ಜಾಲತಾಣಕ್ಕೆ. ಅಪರೂಪದ ಹಕ್ಕಿ ಮಾತ್ರ ಬರೆದು ಕಾಗೆ-ಮೈನಾ ಬಿಟ್ಟ ಪಟ್ಟಿಯಿಂದ ಯಾವ ಹಕ್ಕಿ ಎಷ್ಟು ಸಾಮಾನ್ಯ ಎಂದು ಲೆಕ್ಕ ಹಾಕಲು ಬರುವುದಿಲ್ಲ. ಕೀಟ ಹಿಡಿಯುವವರು ಡಿಎನ್ಎಗಾದರೆ ಶೇ 95ರ ಎಥನಾಲಿನಲ್ಲಿಡಿ, ಶೇ 70ರದ್ದು ಆಕಾರ ನೋಡುವುದಕ್ಕೆ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಟ್ಯೂಬಿನೊಳಗೇ ಹಾಕಿ. ಬಾಲ್‌ಪೆನ್ನಿನಲ್ಲಿ ಬರೆದರೆ ಮೂರು ತಿಂಗಳಿಗೆ ನೀಲಿ ಎಥನಾಲೂ ಬಿಳಿ ಚೀಟಿಯೂ ಉಳಿಯುತ್ತವೆ.

ಇನ್ನು ಮೇಲೆ ಕೇಳುವುದಿದ್ದರೆ ಇಡೀ ಜೆಲ್ಲಿನ ಫೋಟೊ ಕಳಿಸಿ, ಕತ್ತರಿಸಬೇಡಿ. ಲ್ಯಾಡರ್ (ಅಳತೆಗೋಲಿನಂತೆ ಓಡಿಸುವ ಡಿಎನ್ಎ) ಯಾವ ಲೇನು, ನೀರು ಯಾವ ಲೇನು ಎಂದು ಗುರುತು ಹಾಕಿ. 260/230 ಎಷ್ಟು ಬಂತು, ಎಲೆ ಎಳೆಯದೋ ಬಲಿತದ್ದೋ ಬರೆಯಿರಿ. ಜೊತೆಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಬೇಡ.