ಇನ್ಸುಲಿನ್ 51 ಅಕ್ಷರವೋ, 110 ಅಕ್ಷರವೋ?

ಪುಣೆಯ ನಮ್ಮ ಪ್ರಯೋಗಾಲಯಕ್ಕೆ ತರಬೇತಿಗಾಗಿ ಬರುವವರಲ್ಲಿ ಧಾರವಾಡ, ಬೆಳಗಾವಿ ಕಡೆಯವರು ಸಾಕಷ್ಟು ಜನ ಇರುತ್ತಾರೆ. ಪೈಥಾನ್ ಕಲಿತರೆ ಬಯೋಇನ್ಫರ್ಮ್ಯಾಟಿಕ್ಸ್ (ಜೀವವಿಜ್ಞಾನದ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ವಿಶ್ಲೇಷಿಸುವ ವಿದ್ಯೆ) ತಾನಾಗಿ ಬರುತ್ತದೆ ಎಂಬ ನಂಬಿಕೆ ಅವರಲ್ಲಿ ಬಲವಾಗಿರುವುದರಿಂದ, ನಾನು ಆರಂಭದಲ್ಲಿ ಪ್ರೋಗ್ರಾಂ ಬರೆಯಲು ಬಿಡದೆ ಮನುಷ್ಯನ ಇನ್ಸುಲಿನ್ನಿನ ಪ್ರೋಟೀನ್ ಸೀಕ್ವೆನ್ಸ್, ಅಂದರೆ ಒಂದೊಂದು ಅಮೈನೋ ಆಮ್ಲಕ್ಕೆ ಒಂದೊಂದು ಅಕ್ಷರದಂತೆ ಬರೆದ ಸರಣಿ, ಹುಡುಕಿ ತರುವಂತೆ ಹೇಳುತ್ತೇನೆ.

ಪ್ರೋಟೀನ್ ಮಾಹಿತಿಯ ಆನ್‌ಲೈನ್ ಸಂಗ್ರಹವಾದ ಯುನಿಪ್ರಾಟ್‌ನಲ್ಲಿ ಇನ್ಸುಲಿನ್ ಎಂದು ಟೈಪ್ ಮಾಡಿದರೆ ಹಂದಿ, ಇಲಿ, ಮೀನುಗಳ ಇನ್ಸುಲಿನ್ ಅಷ್ಟೇ ಅಲ್ಲದೆ, ಇನ್ಸುಲಿನ್ ರಿಸೆಪ್ಟರ್‌ನಂಥ ಬೇರೆಯೇ ಪ್ರೋಟೀನ್‌ಗಳೂ ಸಾಲುಗಟ್ಟಿ ಬರುತ್ತವೆ. ಇವುಗಳಲ್ಲಿ ಸ್ವಿಸ್-ಪ್ರಾಟ್ ವಿಭಾಗದ ದಾಖಲೆಗಳನ್ನು ತಜ್ಞರು ಸಂಶೋಧನಾ ಪ್ರಬಂಧಗಳನ್ನು ಓದಿ ಪರಿಶೀಲಿಸಿರುತ್ತಾರೆ; 1986ರಲ್ಲಿ ಅಮೋಸ್ ಬೈರೋಕ್ ಆರಂಭಿಸಿದ ಈ ಕೆಲಸ ಇಂದಿಗೂ ನಡೆಯುತ್ತಿದೆ. ಟ್ರೆಂಬಲ್ ವಿಭಾಗದ ಕೋಟಿಗಟ್ಟಲೆ ದಾಖಲೆಗಳ ವಿವರಣೆಯನ್ನು ಕಂಪ್ಯೂಟರೇ ಬರೆದಿರುತ್ತದೆ. ಹೊಸಬರು ಸ್ವಿಸ್-ಪ್ರಾಟ್‌ನಿಂದಲೇ ಆರಂಭಿಸುವುದು ಒಳ್ಳೆಯದು.

ಅಲ್ಲಿ ಮನುಷ್ಯನ ಇನ್ಸುಲಿನ್ನಿಗೆ ಸಿಗುವ ದಾಖಲೆ ಪಿ01308. ಅದನ್ನು ಫಾಸ್ಟಾ ರೂಪದಲ್ಲಿ (ಮೇಲೆ ಹೆಸರಿನ ಒಂದು ಸಾಲು, ಕೆಳಗೆ ಸೀಕ್ವೆನ್ಸಿನ ಅಕ್ಷರಗಳಿರುವ ಸರಳ ಪಠ್ಯ) ಇಳಿಸಿಕೊಂಡ ಮೇಲೆ ಯಾರಾದರೊಬ್ಬರು, "ಸರ್, ಪುಸ್ತಕದಾಗ ಐವತ್ತೊಂದು ಅಮೈನೋ ಆಸಿಡ್ ಅಂತ ಅದ, ಇಲ್ಲಿ ನೂರಾಹತ್ತು ಯಾಕ ಅದಾವ್ರಿ?" ಎಂದು ಕೇಳುವುದನ್ನೇ ನಾನು ಕಾಯುತ್ತಿರುತ್ತೇನೆ. ಎರಡೂ ಸರಿ. ಜೀವಕೋಶವು ಮೊದಲು ತಯಾರಿಸುವ ಉದ್ದನೆಯ ಸರಪಳಿಯಲ್ಲಿ ಆರಂಭದ 24 ಅಮೈನೋ ಆಮ್ಲಗಳು ಪ್ರೋಟೀನನ್ನು ಸ್ರವಿಕೆಯ ದಾರಿಗೆ ಸೇರಿಸುವ ಸಿಗ್ನಲ್ ಮಾತ್ರ; ಅದು ಕತ್ತರಿಸಿಹೋಗಿ, ನಡುವಿನ ಸಿ-ಪೆಪ್ಟೈಡ್ ಕೂಡ ಬೇರ್ಪಟ್ಟ ನಂತರ 30 ಅಮೈನೋ ಆಮ್ಲಗಳ ಬಿ ಸರಪಳಿ ಮತ್ತು 21ರ ಎ ಸರಪಳಿ ಸೇರಿ ನಮ್ಮ ರಕ್ತದಲ್ಲಿರುವ ಇನ್ಸುಲಿನ್ ಆಗುತ್ತದೆ. ಈ ಗಡಿಗಳೆಲ್ಲ ಅದೇ ಪುಟದ ಕೆಳಗೆ ನಮೂದಾಗಿರುತ್ತವೆ, ಆದರೆ ಡೌನ್‌ಲೋಡ್ ಗುಂಡಿ ಮೇಲೆಯೇ ಇರುವುದರಿಂದ ಅಲ್ಲಿಯವರೆಗೆ ಇಳಿಯುವವರು ಕಡಿಮೆ. 110 ಅಕ್ಷರಗಳನ್ನೇ ಹಿಡಿದು ಅಣುತೂಕ ಲೆಕ್ಕ ಹಾಕಿದರೆ, ಮಾಸ್ ಸ್ಪೆಕ್ಟ್ರೋಮೀಟರ್ ತೋರಿಸುವ ಸುಮಾರು 5,808 ಡಾಲ್ಟನ್‌ಗೆ ಅದು ಎಂದೂ ಹೊಂದದು.

ಕುಡಗೋಲು ಕಣ ರೋಗದ ಹಳೆಯ ಪ್ರಬಂಧಗಳು ಹಿಮೋಗ್ಲೋಬಿನ್ನಿನ ಭಾಗವಾದ ಬೀಟಾ ಗ್ಲೋಬಿನ್ನಿನ 6ನೆಯ ಸ್ಥಾನದಲ್ಲಿ ಬದಲಾವಣೆ ಇದೆ ಎಂದು ಹೇಳಿದರೆ, ನಂತರ ಕತ್ತರಿಸಿಹೋಗುವ ಮೊದಲ ಅಮೈನೋ ಆಮ್ಲ ಮೆಥಿಯೋನಿನ್ ಅನ್ನೂ ಎಣಿಸುವ ದಾಖಲೆಯಲ್ಲಿ ಅದು 7ನೆಯದಾಗಿರುವುದಕ್ಕೂ ಇಂಥದೇ ಕಾರಣ.

ಈಚೆಗೆ ಕೆಲವರು ಸೀಕ್ವೆನ್ಸನ್ನು ಚಾಟ್‌ಬಾಟ್‌ನಿಂದ ಕೇಳಿ ತರುತ್ತಾರೆ. ಅಕ್ಸೆಷನ್ ಸಂಖ್ಯೆ (ಪಿ01308ರಂಥ, ದಾಖಲೆಯ ಗುರುತು) ಇಲ್ಲದ ಅಕ್ಷರಮಾಲೆಯನ್ನು, ಅದು ಸರಿಯಾಗಿದ್ದರೂ, ನಾನು ಸ್ವೀಕರಿಸುವುದಿಲ್ಲ.

ಒಂದು ಸೀಕ್ವೆನ್ಸನ್ನು ಹೋಲುವ ಬೇರೆ ಸೀಕ್ವೆನ್ಸ್‌ಗಳನ್ನು ಸಂಗ್ರಹದಲ್ಲಿ ಹುಡುಕಿಕೊಡುವ ಬ್ಲಾಸ್ಟ್ ಹುಡುಕಾಟ ಇದಾದ ಮೇಲಿನದು. ಅದು ಕೊಡುವ ಇ-ವ್ಯಾಲ್ಯೂ (ಅಂಥ ಹೋಲಿಕೆ ಆಕಸ್ಮಿಕವಾಗಿ ಎಷ್ಟು ಸಲ ಸಿಗಬಹುದು ಎಂಬ ಅಂದಾಜು) ಹುಡುಕುವ ಸಂಗ್ರಹದ ಗಾತ್ರವನ್ನೂ ಅವಲಂಬಿಸಿರುವುದರಿಂದ, ಅದೇ ಎರಡು ಸೀಕ್ವೆನ್ಸ್‌ಗಳ ಹೋಲಿಕೆಗೆ ಸ್ವಿಸ್-ಪ್ರಾಟ್‌ನಲ್ಲಿ ಒಂದು ಅಂಕಿ, ಎನ್‌ಸಿಬಿಐ ಎಂಬ ಅಮೆರಿಕದ ಸಂಸ್ಥೆಯ ದೊಡ್ಡ ಸಂಗ್ರಹದಲ್ಲಿ ಇನ್ನೊಂದು ಅಂಕಿ ಬರುತ್ತದೆ. ಹೀಗಾಗಿ ಫಲಿತಾಂಶದ ಪಕ್ಕದಲ್ಲಿ ಸಂಗ್ರಹದ ಹೆಸರನ್ನೂ ಹುಡುಕಿದ ದಿನಾಂಕವನ್ನೂ ಬರೆಸುತ್ತೇನೆ.